ದಾವಲ್‌ಬೀ ಕೇಳಿದ ಎಂಟು ದಿನ

ಮಸ್ಕಿ ಇನ್ನೂ ಒಂದು ಮೈಲಿ ಇದೆ ಅನ್ನುವಾಗಲೇ ಉಸ್ಮಾನ್‌ಸಾಬ್ ತನ್ನ ತಲೆಯ ಮೇಲಿನ ಕನ್ನಡಿಯನ್ನು ಬಸ್ಸಿನ ಚಾವಣಿಯ ಕಡೆಗೆ ತಿರುಗಿಸಿಬಿಟ್ಟ.

ಎರಡು ವರ್ಷದಿಂದ ಆ ಕನ್ನಡಿ ಒಬ್ಬಳಿಗಾಗಿಯೇ ಇತ್ತು. ಲಿಂಗಸುಗೂರಿನಿಂದ ಹೊರಟು ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸಿನ ಡ್ರೈವರ್ ಅವನು. ಸಂತೆಯ ದಿನ ಮಸ್ಕಿಯಲ್ಲಿ ದಾವಲ್‌ಬೀ ಹತ್ತುತ್ತಿದ್ದಳು. ಎಳೆ ಮಕ್ಕಳ ಕುಂಚಿಗೆ, ಕುಲಾವಿ ಹೊಲಿದು ಸಿಂಧನೂರಿನ ಸಂತೆಯಲ್ಲಿ ಮಾರುವವಳು. ಡ್ರೈವರನ ಬೆನ್ನ ಹಿಂದಿನ ಸೀಟೇ ಅವಳ ಜಾಗ. ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಒಂದೇ ಒಂದು ಸಲ ಕಣ್ಣೆತ್ತುವಳು. ಕನ್ನಡಿಯಲ್ಲಿ ಅವನ ನೋಟಕ್ಕೆ ಅವಳ ನೋಟ ತಾಗುವುದು. ಅವಳ ಎಡಹುಬ್ಬು ಇಷ್ಟೇ ಇಷ್ಟು ಮೇಲೇರುವುದು, 'ರಸ್ತಾ ನೋಡ್ರಿ' ಅನ್ನುವ ಹಾಗೆ. ಅಷ್ಟಕ್ಕೇ ಐವತ್ತಾರರ ಉಸ್ಮಾನ್‌ಸಾಬ್ ಗೇರು ತಪ್ಪಿಸುತ್ತಿದ್ದ.

ಅವನ ಹೆಂಡತಿ ತೀರಿ ಒಂಬತ್ತು ವರ್ಷವಾಗಿತ್ತು. ಅವಳ ಗಂಡ ಹೋಗಿ ಏಳು. ಮಗಳನ್ನು ಜವಳಗೇರಾಕ್ಕೆ ಕೊಟ್ಟ ಮೇಲೆ ಅವಳು ಒಂಟಿ. ರಂಜಾನ್ ಹಬ್ಬದ ಮರುದಿನ ಉಸ್ಮಾನ್‌ಸಾಬನ ಅಕ್ಕ ಇಮಾಮ್‌ಬೀ ತಾನೇ ಮಸ್ಕಿಗೆ ಹೋಗಿ ಮಾತು ಮುಗಿಸಿ ಬಂದಿದ್ದಳು. ಬಕ್ರೀದ್ ಆದ ಮೇಲೆ, ಮೊಹರಂ ತಿಂಗಳು ಹಿಡಿಯುವುದರೊಳಗೆ ನಿಕಾಹ್.

ಸಿಂಧನೂರಿನಲ್ಲಿ ಜನ ಇಳಿದು ಹೋದರೂ ದಾವಲ್‌ಬೀ ಹೋಗಲಿಲ್ಲ. ಬಾನೆಟ್ಟಿನ ಪಕ್ಕ ಬಂದು ನಿಂತಳು.

"ಕನ್ನಡಿ ಯಾಕ ಹಂಗ ತಿರುವೀರಿ ಸಾಬ್ರ? ನೋಡಬಾರದಷ್ಟು ಮುದುಕಿ ಆದ್ನೇನು ನಾ?" ತುಟಿಯ ಅಂಚಿನಲ್ಲಿ ನಗುವಿತ್ತು.

ಅವನು ಅವಳ ಗಂಟನ್ನು ನೋಡುತ್ತಾ ಹೇಳಿದ. "ಶಾದಿ ಮಾತು ಇಲ್ಲಿಗೇ ಬಿಟ್ಟುಬಿಡೋಣು ದಾವಲ್‌ಬೀ. ನನ್ನಿಂದ ಆಗಂಗಿಲ್ಲ."

ನಗು ಇದ್ದಲ್ಲೇ ನಿಂತಿತು. "ಬ್ಯಾರೆ ಯಾರರ ಸಿಕ್ಕಾರೇನು?"

ಇಲ್ಲ ಅಂದರೆ ಕಾರಣ ಹೇಳಬೇಕಾಗುತ್ತಿತ್ತು. ಅವನು ಸ್ಟೇರಿಂಗಿನ ಧೂಳು ಒರೆಸತೊಡಗಿದ.

"ತಿಳೀತು ಬಿಡ್ರಿ" ಅಂದಳು ಅವಳು. ಗಂಟು ತಲೆಗೇರಿಸಿಕೊಂಡು ಸಂತೆಯ ಕಡೆಗೆ ನಡೆದಳು. ಬೆನ್ನು ನೇರವಾಗಿತ್ತು. ಒಂದು ಸಲವೂ ತಿರುಗಲಿಲ್ಲ.

ಕಾರಣ ಅವನ ಅಂಗಿಯ ಒಳಜೇಬಿನಲ್ಲಿ ಮಡಚಿದ ಕಾಗದವಾಗಿ ಕುಳಿತಿತ್ತು.

ಒಂದು ವರ್ಷದಿಂದ ಅವನಿಗೆ ಮೂತ್ರದ ತೊಂದರೆ. ದಾರಿಯಲ್ಲಿ ಎರಡು ಮೂರು ಸಲ ಬಸ್ಸು ನಿಲ್ಲಿಸಿ ಇಳಿಯಬೇಕು, ಇಳಿದರೂ ಸರಿಯಾಗಿ ಆಗದು. ಇಂಜಿನ್ನಿನ ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿದ, ಜೀರಿಗೆ ನೀರು ಕುಡಿದ. ಆಮೇಲೆ ಸೊಂಟದ ಎಲುಬು ನೋಯತೊಡಗಿತು. ಕೊನೆಗೆ ರಾಯಚೂರಿನ ದವಾಖಾನೆಗೆ ಹೋದ. ಅಲ್ಲಿನ ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ, ಎಲುಬಿನ ಫೋಟೋ ತೆಗೆಸಿ, ಬಾಗಿಲು ಮುಂದಕ್ಕೆ ಮಾಡಿ ಕೂರಿಸಿಕೊಂಡರು.

"ಮೂತ್ರಚೀಲದ ಕೆಳಗ ಗಂಡಸರಿಗೆ ಒಂದು ಗ್ರಂಥಿ ಇರ್ತದ ಉಸ್ಮಾನ್‌ಸಾಬ್. ಪ್ರಾಸ್ಟೇಟ್ ಅಂತಾರ. ನಿಮ್ಮದರಾಗ ಕ್ಯಾನ್ಸರ್ ಆಗೇದ. ನೀವು ಸರ್ತಾನ್ ಅಂತೀರಲ್ಲ, ಅದು. ಸೊಂಟದ ಎಲುಬಿಗೂ ತಾಗೇದ."

ದಾರಿ ಎರಡಿವೆ ಎಂದರು. ಆ ಗಡ್ಡೆಗೆ ಬಲ ಬರುವುದು ಬೀಜದಿಂದ. ಆಪರೇಷನ್ ಮಾಡಿ ಎರಡೂ ಬೀಜ ತೆಗೆದರೆ ಗಡ್ಡೆ ಕುಗ್ಗುತ್ತದೆ, ನೋವು ಇಳಿಯುತ್ತದೆ. ಐದಾರು ವರ್ಷದ ಹಿಂದೆ ಅಮೇರಿಕದವರು ಕಂಡುಕೊಂಡದ್ದು. ಇಲ್ಲವಾದರೆ ವಿಲಾಯಿತಿಯ ಗುಳಿಗೆ ಇದೆ, ಸಾಯುವವರೆಗೆ ದಿನಾ ನುಂಗಬೇಕು. ಎದೆ ಹೆಂಗಸರಂತೆ ಊದುತ್ತದೆ, ಕಾಲು ಬಾಯುತ್ತವೆ.

"ಎರಡರಾಗ ಯಾವುದಾದರೂ..." ಅಂದ ಉಸ್ಮಾನ್‌ಸಾಬ್. ತನ್ನ ಶಾದಿ ಗೊತ್ತಾಗಿದೆ ಎಂದಷ್ಟೇ ಸೇರಿಸಿದ.

ಡಾಕ್ಟರಿಗೆ ತಿಳಿಯಿತು. "ಗಂಡ ಹೆಂಡತಿ ಸಂಬಂಧ ಇರಂಗಿಲ್ಲ. ಮುಚ್ಚಿಟ್ಟು ಹೇಳೋದು ನನಗ ಬರಂಗಿಲ್ಲ. ಎರಡು ತಿಂಗಳ ಮ್ಯಾಲ ತಡಾ ಮಾಡಬ್ಯಾಡ್ರಿ."

ಅವನು ಎರಡೂ ಬೇಡವೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಇದ್ದಷ್ಟು ದಿನ ಗಂಡಸಾಗಿದ್ದು ಹೋಗುವುದು. ದಾವಲ್‌ಬೀಯನ್ನು ಮಾತ್ರ ಇದರಿಂದ ದೂರವಿಡುವುದು.

ಮುಂದಿನ ಸಂತೆಗೆ ಅವಳು ಬಸ್ಸಿಗೆ ಬರಲಿಲ್ಲ. ನಸುಕಿನಲ್ಲೇ ಹತ್ತಿಯ ವ್ಯಾಪಾರಿಗಳ ಎತ್ತಿನ ಬಂಡಿಯಲ್ಲಿ ಹೋಗಿದ್ದಳು. ಅರ್ಧ ದಾರಿಯಲ್ಲಿ ಬಂಡಿಯ ಹಿಂದೆ ಅವಳ ಹಸಿರು ಸೆರಗು ಕಂಡಿತು. ಮಹಾಯುದ್ಧ ಮುಗಿದು ವರ್ಷವಾದರೂ ಆ ರಸ್ತೆಗೆ ಡಾಂಬರು ಬಂದಿರಲಿಲ್ಲ, ಬರೀ ಮಣ್ಣು. ಬಸ್ಸು ಹಾಗೇ ಹೋದರೆ ಅವಳು ಅಡಿಯಿಂದ ಮುಡಿಯವರೆಗೆ ಧೂಳಿನಿಂದ ಕೆಂಪಾಗುತ್ತಿದ್ದಳು. ಉಸ್ಮಾನ್‌ಸಾಬ್ ಗೇರು ಇಳಿಸಿ, ಆಮೆಯ ಹಾಗೆ ಬಂಡಿಯನ್ನು ದಾಟಿದ.

"ಏನ್ ಸಾಬ್ರ, ಮದಲಗಿತ್ತಿ ಕೂತಾಳೇನು ಬಸ್ಸಿನ್ಯಾಗ?" ಎಂದು ಕಂಡಕ್ಟರ್ ಲಾಲಪ್ಪ ಹಿಂದಿನಿಂದ ಕೂಗಿದ. ಜನ ನಕ್ಕರು. ಬಂಡಿಯಲ್ಲಿದ್ದವಳು ಮುಖ ತಿರುಗಿಸಿ ಜೋಳದ ಹೊಲ ನೋಡುತ್ತಿದ್ದಳು.

ಅದರ ಮುಂದಿನ ಸಂತೆಗೂ ಹಾಗೆಯೇ ಆಯಿತು. ಮೂರನೆಯ ಸಂತೆಯ ದಿನ, ಬಂಡಿಗಳನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ. ಬಸ್ಸು ನಿಲ್ಲಿಸಿ ಹಳ್ಳದ ಕಡೆಗೆ ಹೋದ. ಬಹಳ ಹೊತ್ತಾಯಿತು. ಹನಿ ಹನಿಯಾಗಿ ಸ್ವಲ್ಪ ಹೋಯಿತು, ನೋವು ಹೋಗಲಿಲ್ಲ. ವಾಪಸು ಬರಲಾಗದೆ ಬೇವಿನ ಮರದ ಬುಡದಲ್ಲಿ ಕಲ್ಲಿನ ಮೇಲೆ ಕುಳಿತ. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಬಂಡಿಗಳು ಬಂದು ಬಸ್ಸಿನ ಹಿಂದೆ ನಿಂತವು.

ದಾವಲ್‌ಬೀ ಇಳಿದು ನೇರ ಮರದ ಕಡೆಗೆ ಬಂದಳು. ಅವನ ಮುಖ ನೋಡಿದ್ದೇ ಅವಳ ಸಿಟ್ಟೆಲ್ಲ ಎಲ್ಲೋ ಹೋಯಿತು.

"ಏನಾಗೇತ್ರಿ?"

"ಏನಿಲ್ಲ. ಉಷ್ಣ."

"ಸಾಬ್ರ" ಎಂದು ಅವಳು ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತಳು. "ನನ್ನ ಗಂಡ ಹಟ್ಟಿ ಚಿನ್ನದ ಗಣಿಯಾಗ ಕೆಲಸಕ್ಕಿದ್ದ. ಒಂದು ವರ್ಷ ರಗತಾ ಕೆಮ್ಮಿದ. ನಾ ಕೇಳಿದ್ರ ಎಲಿ ಅಡಿಕಿ ರಸ ಅಂತಿದ್ದ. ನಾನೂ ಹೌದೇನೋ ಅಂತ ರೊಟ್ಟಿ ಬಡಕೊಂತ ಕುಂತೆ. ಅವ ನನ್ನ ಮುಂದ ಸಾಯಾಕತ್ತಿದ್ದ, ನನಗ ಗೊತ್ತೇ ಇರಲಿಲ್ಲ. ಎರಡನೇ ಸಲ ನನ್ನ ದಡ್ಡಿ ಮಾಡಬ್ಯಾಡ್ರಿ."

ಉಸ್ಮಾನ್‌ಸಾಬ್ ಒಳಜೇಬಿನ ಕಾಗದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳಿಗೆ ಓದಲು ಬರುತ್ತಿರಲಿಲ್ಲ. ಅವನೇ ಹೇಳಬೇಕಾಯಿತು. ರೋಗದ ಹೆಸರು ಹೇಳುವುದು ಸುಲಭವಿತ್ತು. ಅದರ ಮುಂದಿನದನ್ನು ಅವನು ಬೇವಿನ ಬೇರಿಗೆ ಹೇಳುವವನಂತೆ ತಲೆ ಬಗ್ಗಿಸಿ ಹೇಳಿದ.

"ಕೊಯ್ದು ತಗೀತಾರ ದಾವಲ್‌ಬೀ. ಗಂಡಸುತನ ಹೋಗತೈತಿ. ಗುಳಿಗಿ ತಗೊಂಡ್ರೂ ಅಷ್ಟೇ. ಹಿಂಗ ಇರೋವ ನಿನ್ನ ಜೋಡಿ ಶಾದಿ ಆಗಿ ಏನು ಮಾಡ್ಲಿ?"

ಅವಳು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಸ್ಸಿನಲ್ಲಿ ಲಾಲಪ್ಪ ಹಾರನ್ ಒತ್ತುತ್ತಿದ್ದ. ಅವಳು ನೆಲದ ಮೇಲಿನ ಒಣ ಎಲೆಗಳನ್ನು ಒಂದೊಂದಾಗಿ ಸರಿಸುತ್ತಾ ಕುಳಿತಿದ್ದಳು.

"ನನಗ ಎಂಟು ದಿನ ಕೊಡ್ರಿ" ಅಂದಳು ಕೊನೆಗೆ. "ಈಗಿಂದೀಗ ಹೂಂ ಅಂದ್ರ ಅದು ಮರುಕ ಆಗತೈತಿ. ವಿಚಾರ ಮಾಡಿ ಹೇಳ್ತೀನಿ."

ಆ ಎಂಟು ದಿನ ಉಸ್ಮಾನ್‌ಸಾಬ್ ಬಸ್ಸು ಓಡಿಸಿದ, ಉಂಡ, ನಮಾಜು ಮಾಡಿದ. ಅಕ್ಕನಿಗೂ ಎಲ್ಲ ಹೇಳಿದ. ಇಮಾಮ್‌ಬೀ ಸೆರಗು ಬಾಯಿಗೆ ಒತ್ತಿಕೊಂಡು ಅತ್ತು, ಆಮೇಲೆ, "ಆಕಿ ಬ್ಯಾಡ ಅಂದ್ರ ಆಕಿ ಮ್ಯಾಲ ಸಿಟ್ಟು ಮಾಡಕೋಬ್ಯಾಡ ತಮ್ಮಾ" ಅಂದಳು. ಅವನಿಗೆ ಸಿಟ್ಟಿರಲಿಲ್ಲ. ವಿಚಿತ್ರವೆಂದರೆ, ರೋಗದ ಭಯಕ್ಕಿಂತ ಆ ಜವಾಬಿನ ಭಯವೇ ದೊಡ್ಡದಾಗಿತ್ತು. ಸಾಯುವುದಕ್ಕೆ ತಯಾರಾಗಿದ್ದವನು ಈಗ ಒಂದು ಹೆಂಗಸಿನ ಹೂಂ ಅಥವಾ ಊಹೂಂಗಾಗಿ ದಿನ ಎಣಿಸುತ್ತಿದ್ದ.

ಸಂತೆಯ ದಿನ ದಾವಲ್‌ಬೀ ಮಸ್ಕಿಯಲ್ಲಿ ಬಸ್ಸು ಹತ್ತಿದಳು. ಆದರೆ ಹಿಂದೆ ಹೋಗಿ ಹೆಂಗಸರ ನಡುವೆ ಕುಳಿತಳು. ಸಿಂಧನೂರಿನವರೆಗೆ ಅವನಿಗೆ ಅವಳ ಮುಖವೇ ಕಾಣಲಿಲ್ಲ.

ಜನ ಇಳಿದು ಹೋದ ಮೇಲೆ ಖಾಲಿ ಬಸ್ಸಿನಲ್ಲಿ ಅವಳು ಒಂದೊಂದೇ ಸೀಟು ಹಿಡಿದುಕೊಂಡು ಮುಂದೆ ಬಂದಳು.

"ಸುಳ್ಳು ಹೇಳಂಗಿಲ್ಲ ಸಾಬ್ರ. ನಾಕು ದಿನ ಅತ್ತೀನಿ. ನನಗೂ ಆಸೆ ಇದ್ದವು. ಏಳು ವರ್ಷ ಒಂಟಿ ಇದ್ದಾಕಿ. ಬಾಯಿಬಿಟ್ಟು ಹೇಳಾಕ ನಾಚಿಕಿ, ಆದ್ರ ನೀವು ನಿಮ್ಮದು ಹೇಳೀರಲ್ಲ, ಅದಕ್ಕ ಹೇಳಾಕತ್ತೀನಿ."

"ನಿಂದೇನು ತಪ್ಪಿಲ್ಲ..."

"ಮಾತು ಮುಗೀಲಿ ತಡೀರಿ. ಆಮ್ಯಾಲ ವಿಚಾರ ಮಾಡಿದೆ, ಎರಡು ವರ್ಷ ನಾ ಯಾವ ಆಸೆಗೆ ಈ ಬಸ್ಸು ಹತ್ತತಿದ್ದೆ ಅಂತ. ನಾ ಸಿಟ್ಟು ಮಾಡಿ ಬಂಡ್ಯಾಗ ಹೊಂಟಾಗ ನನ್ನ ಮ್ಯಾಲ ಧೂಳ ಹಾರಬಾರದಂತ ಬಸ್ಸು ನಿಧಾನ ಮಾಡಿದ್ರಲ್ಲ, ಆ ಮನಷ್ಯಾ ಬೇಕು ನನಗ. ಅವನ್ನ ಯಾವ ಡಾಕ್ಟರೂ ಕೊಯ್ದು ತಗಿಯಾಕ ಆಗಂಗಿಲ್ಲ."

ಉಸ್ಮಾನ್‌ಸಾಬ್ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಸ್ಸು ನಿಂತೇ ಇತ್ತು.

"ಆಪರೇಷನ್ ಮಾಡಿಸಿಕೊಳ್ಳಲಿಲ್ಲಂದ್ರ?"

"ಆಗಲೂ ಬರ್ತೀನಿ. ಮೈ ನಿಮ್ಮದು, ಮಾತು ನಿಮ್ಮದು." ಅವಳ ದನಿ ಸಣ್ಣದಾಯಿತು. "ಆದ್ರ ನನ್ನ ಕೇಳಿದ್ರ, ನೀವು ಆ ಮರದ ಕೆಳಗ ಕುಂತಿದ್ದು ಇನ್ನೊಮ್ಮೆ ನೋಡಾಕ ನನ್ನಿಂದ ಆಗಂಗಿಲ್ಲ."

ಅವನು ಆ ದಿನವೇ ತೀರ್ಮಾನ ಹೇಳಲಿಲ್ಲ. ಎರಡು ದಿನ ತಲೆಯಲ್ಲಿ ತಿರುವಿದ. ಗುಳಿಗೆ ಬೊಂಬಾಯಿಯಿಂದ ಬರಬೇಕು. ಯುದ್ಧದ ಕಾಲದಲ್ಲಿ ಒಂದು ಬೋಲ್ಟು ಬಾರದೆ ತಿಂಗಳುಗಟ್ಟಲೆ ನಿಂತ ಬಸ್ಸುಗಳನ್ನು ಕಂಡವನು ಅವನು. ಜೀವವನ್ನು ಬರುತ್ತದೋ ಇಲ್ಲವೋ ಅನ್ನುವ ಪಾರ್ಸೆಲ್ಲಿಗೆ ಕಟ್ಟಿಹಾಕುವುದು ಅವನಿಗೆ ಸರಿಕಾಣಲಿಲ್ಲ. ಆಪರೇಷನ್ ಒಂದು ಸಲಕ್ಕೆ ಮುಗಿಯುತ್ತದೆ. ಮಸ್ಕಿಯಲ್ಲಿ ಬಸ್ಸು ನಿಲ್ಲಿಸಿ, ಅವಳ ಮನೆಯ ಬಾಗಿಲಿಗೆ ಹೋಗಿ ಹೇಳಿದ.

"ಕೊಯ್ಸಿಕೊಂತೀನಿ. ಎಲ್ಲಾ ನೆಟ್ಟಗಾದ ಮ್ಯಾಲ ನಿಕಾಹ್ ಮಾಡಿಕೊಳ್ಳೋಣು."

"ಮೊದಲ ನಿಕಾಹ್."

"ಯಾಕ? ಆಪರೇಷನ್ನಿನ್ಯಾಗ ಹೋದ್ರ ಮತ್ತ ವಿಧವಿ ಆಗ್ತೀ."

"ಗಂಡಸರ ವಾರ್ಡಿನ್ಯಾಗ ಪರಾಯಿ ಹೆಂಗಸನ್ನ ಬಿಡಂಗಿಲ್ಲಂತ. ಬಾಗಿಲದಾಗ ನಿಂತು ಯಾರಂತ ಕೇಳಿದ್ರ ನಾ ಏನು ಹೇಳ್ಲಿ? ಇವರ ಬಸ್ಸಿನ ಪಾಶಿಂಜರ್ ಅಂತ ಹೇಳ್ಲೇನು?" ಎಡಹುಬ್ಬು ಇಷ್ಟೇ ಇಷ್ಟು ಮೇಲೇರಿತು.

ಎಷ್ಟೋ ದಿನದ ಮೇಲೆ ಉಸ್ಮಾನ್‌ಸಾಬ್ ಬಾಯಿತುಂಬ ನಕ್ಕ.

ಬಕ್ರೀದ್ ಕಳೆದ ಎರಡನೇ ಶುಕ್ರವಾರ ಮಸ್ಕಿಯಲ್ಲಿ ನಿಕಾಹ್ ಆಯಿತು. ಕಾಜಿಯವರು ಕೇಳುವ ಮುಂಚೆಯೇ ದಾವಲ್‌ಬೀ ಪರದೆಯ ಆಚೆಯಿಂದ "ಕಬೂಲ್" ಅಂದುಬಿಟ್ಟಳು, ಹೆಂಗಸರೆಲ್ಲ ನಕ್ಕರು. ನಾಲ್ಕು ದಿನ ಕಳೆದು ಗಂಡ ಹೆಂಡತಿ ಇಮಾಮ್‌ಬೀಯನ್ನು ಕರೆದುಕೊಂಡು ರಾಯಚೂರಿಗೆ ಹೋದರು. ಆ ನಾಲ್ಕು ದಿನ ಅವರಿಬ್ಬರವು. ನೋವು ಬಿಟ್ಟುಕೊಟ್ಟಷ್ಟು ಹತ್ತಿರ ಅವರು ಇದ್ದರು.

ಆಪರೇಷನ್ನಿನ ಬೆಳಿಗ್ಗೆ ಕಾಗದಕ್ಕೆ ಸಹಿ ಮಾಡುವಾಗ ಅವನು ಲೇಖನಿ ಎತ್ತಿ ಹೆಂಡತಿಯ ಕಡೆಗೆ ಬಾಗಿದ. "ದನಿ ಸಣ್ಣದಾಗತೈತೇನೋ. ಗಡ್ಡ ಉದುರತೈತೇನೋ" ಎಂದು ಪಿಸುಗುಟ್ಟಿದ.

"ಉದುರಲಿ, ಮಾರಿ ಹ್ಯಾಂಗೈತಿ ಅಂತ ನಾನೂ ನೋಡ್ತೀನಿ" ಎಂದು ಅವಳು ಗಡ್ಡವನ್ನು ಮೆತ್ತಗೆ ಸವರಿದಳು. ಸ್ಟ್ರೆಚರು ಬಾಗಿಲು ದಾಟುವವರೆಗೆ ನಗುತ್ತಲೇ ಇದ್ದಳು. ಆಮೇಲೆ ಅವಳು ಗೋಡೆಗೆ ಹಣೆ ಹಚ್ಚಿ ನಿಂತದ್ದನ್ನು ಇಮಾಮ್‌ಬೀ ಬಹಳ ದಿನದ ಮೇಲೆ ಅವನಿಗೆ ಹೇಳಿದಳು.

ಗಡ್ಡ ಉದುರಲಿಲ್ಲ. ದನಿಯೂ ಹಾಗೇ ಇತ್ತು. ಮೂರು ವಾರದಲ್ಲಿ ಸೊಂಟದ ನೋವು ಯಾರೋ ಬಿಗಿದ ಹಗ್ಗ ಸಡಿಲಿಸಿದಂತೆ ಇಳಿಯಿತು. ಎಷ್ಟು ವರ್ಷ ಅಂತ ಹೇಳಲಾಗದು, ಎರಡಿರಬಹುದು, ಐದಿರಬಹುದು ಎಂದರು ಡಾಕ್ಟರು. ಲಿಂಗಸುಗೂರಿನ ಮನೆಗೆ ಬಂದ ಮೇಲೆ ಉಸ್ಮಾನ್‌ಸಾಬ್ ಮತ್ತೆ ಚಕ್ಕಳಮಕ್ಕಳ ಹಾಕಿ ಕುಳಿತು ಉಂಡ.

ಆದರೆ ಒಂದು ಹೊಸ ಕಾಟ ಶುರುವಾಗಿತ್ತು. ಇದ್ದಕ್ಕಿದ್ದಂತೆ ಎದೆಯಿಂದ ಬಿಸಿ ಎದ್ದು ಮುಖಕ್ಕೆ ನುಗ್ಗುವುದು, ಮೈಯೆಲ್ಲ ಬೆವರುವುದು, ಐದು ನಿಮಿಷಕ್ಕೆ ಇಳಿಯುವುದು. ಅವನಿಗೆ ಅದನ್ನು ಹೇಳಲು ನಾಚಿಕೆ. ಬಂದಾಗಲೆಲ್ಲ ಮುಖ ತೊಳೆಯುವ ನೆವ ಮಾಡಿ ಅಂಗಳಕ್ಕೆ ಹೋಗುತ್ತಿದ್ದ.

ಪುಷ್ಯಮಾಸದ ಒಂದು ಬೆಳಿಗ್ಗೆ, ಬಿಸಿಲು ಆಗಷ್ಟೇ ಗೋಡೆಗೆ ತಾಗಿತ್ತು. ಅಂಗಿ ಬಿಚ್ಚಿ ಕಟ್ಟೆಯ ಮೇಲೆ ಕುಳಿತವನ ಹಿಂದೆ ದಾವಲ್‌ಬೀ ಬಂದು ನಿಂತಳು.

"ದಿನಾ ಎಷ್ಟು ಸಲ ಮಾರಿ ತೊಳೀತೀರಿ?"

ಇನ್ನು ಮುಚ್ಚಿಡಲಾರೆ ಅನಿಸಿತು. "ಮೈಯಾಗ ಬೆಂಕಿ ಎದ್ದಂಗ ಆಗತೈತಿ. ಬೆವರು ಕಿತ್ತು ಬರತೈತಿ. ಗಂಡಸೂ ಅಲ್ಲ, ಏನೂ ಅಲ್ಲ, ಹಿಂಗಾಗಿ ಕುಂತೀನಿ ನೋಡು" ಅಂದ.

ಅವಳು ಅವನ ಪಕ್ಕ ಕುಳಿತು ತನ್ನ ಕೊರಳು ತೋರಿಸಿದಳು. ಅಲ್ಲಿ ಬೆವರು ಮಣಿಗಟ್ಟಿತ್ತು. ಕಿವಿಯ ಹಿಂದಿನ ಕೂದಲು ಒದ್ದೆಯಾಗಿ ಅಂಟಿತ್ತು.

"ನನಗ ಎರಡು ವರ್ಷದಿಂದ ಐತಿ ಇದು. ಮುಟ್ಟು ನಿಲ್ಲೋ ವಯಸ್ಸಿನ್ಯಾಗ ಎಲ್ಲಾ ಹೆಂಗಸರಿಗೂ ಬರತೈತಿ. ನೀವು ಏನಂತೀರೋ ಅಂತ ನಾನೂ ಅಡಗಿ ಮನಿ ಹಿಂದ ಹೋಗಿ ನಿಂದರತಿದ್ದೆ."

"ನೀನೂನಾ?"

"ಹೂಂ. ನೀವು ಈ ಕಡೆ ಓಡಿದ್ರ ನಾ ಆ ಕಡೆ."

ಉಸ್ಮಾನ್‌ಸಾಬ್ ಅವಳನ್ನೇ ನೋಡಿದ. ಹೊಟ್ಟೆಯೊಳಗಿಂದ ನಗು ಕುಲುಕುತ್ತಾ ಬಂತು. ಅವಳಿಗೂ ತಡೆಯಲಾಗಲಿಲ್ಲ. ಕಂಬಳಿ ಹೊದ್ದು ಹೊರಗೆ ಬಂದ ಇಮಾಮ್‌ಬೀ, ಅಂಥ ಚಳಿಯಲ್ಲಿ ಇಬ್ಬರೂ ಬೆವರುತ್ತಾ ಬಿದ್ದು ಬಿದ್ದು ನಗುವುದನ್ನು ಕಂಡು ಬಾಗಿಲಲ್ಲೇ ನಿಂತಳು.

"ಹುಚ್ಚು ಹಿಡದೈತೇನು ನಿಮಗ? ಥಂಡಿ ಆಗಿ ಸಾಯ್ತೀರಿ, ಒಳಗ ಬರ್ರಿ!"

"ಬರ್ತೀವಿ ಅಕ್ಕಾ" ಅಂದ ಉಸ್ಮಾನ್‌ಸಾಬ್. ಏಳಲಿಲ್ಲ. ದಾವಲ್‌ಬೀಯ ಒದ್ದೆ ಅಂಗೈ ಅವನ ಒದ್ದೆ ಅಂಗೈಯೊಳಗಿತ್ತು, ಅವಳೂ ಬಿಡಿಸಿಕೊಳ್ಳಲಿಲ್ಲ.