ಸುಣ್ಣದ ಬೊಟ್ಟಿನ ಹದಿಮೂರು ಸ್ಲೀಪರು

ಬೆಳಿಗ್ಗೆ ಆರೂವರೆಗೆ ನಿಟ್ಟೂರಿನ ಗ್ಯಾಂಗ್ ಶೆಡ್ಡಿನ ಮುಂದೆ ನಾಲ್ಕು ಜನ ಮಳೆಯಲ್ಲಿ ನಿಂತಿದ್ದರು. ಎಂಜಿನಿಯರ್ ಬಸವರಾಜ್ ಕೊಡೆ ಹಿಡಿದುಕೊಂಡೇ ಕೆಲಸ ಹೇಳಿದರು.

"ಕರೆಕಲ್ ಗುಡ್ಡದ ಕ್ವಾರಿ ಕ್ಯಾಂಪಲ್ಲಿ ಹದಿನಾಲ್ಕು ಜನ ಸಿಕ್ಕಾಕ್ಕೊಂಡಿದಾರೆ. ರೋಡಿನ ಮೋರಿ ಕೊಚ್ಕೊಂಡು ಹೋಗಿದೆ. ರಾಮಾಂಜಿನಯ್ಯ ಅಂತ, ಒಬ್ರ ಕಾಲ್ಮೇಲೆ ಬಂಡೆ ಬಿದ್ದಿದೆ. ಕ್ಯಾಂಪಿನವರು ಐದು ಗಂಟೆಗೆ ಫೋನ್ ಮಾಡಿದ್ರು, ಎರಡು ನಿಮಿಷ ಮಾತಾಡೋದ್ರೊಳಗೆ ಟವರ್ ಹೋಯ್ತು. ಹನ್ನೆರಡಕ್ಕೆ ಎಲ್ಲರನ್ನೂ ಅಲ್ಲಿರೋ ಎಂಜಿನ್ನಲ್ಲಿ ಹಾಕ್ಕೊಂಡು ಹೊರಡ್ತೀವಿ, ಸೇತುವೆ ನೋಡ್ಕೊಂಡಿರಿ ಅಂದ್ರು."

ಮೇನ್ ಲೈನಿನಲ್ಲೆಲ್ಲ ಹಳಿಯಡಿಗೆ ಅಡ್ಡ ಹಾಸುವ ಸಿಮೆಂಟ್ ಸ್ಲೀಪರು ಬಂದು ವರ್ಷಗಳಾಗಿದ್ದವು. ಜಲ್ಲಿ ಸಾಗಿಸುವ ಈ ಒಂಟಿ ಹಳಿಯ ಸೇತುವೆಯ ಮೇಲೆ ಮಾತ್ರ ಇನ್ನೂ ಮರದ ಸ್ಲೀಪರುಗಳೇ ಇದ್ದವು. ಹಳಿಯನ್ನು ಹಿಡಿದು ನಿಲ್ಲಿಸುವುದು ಆ ಮರಕ್ಕೆ ಹೊಡೆದ ಕೊಕ್ಕೆತಲೆಯ ಮೊಳೆ. ಆ ಸೇತುವೆಗೆ ಹಳಿಯ ಉದ್ದಕ್ಕೂ ಹೋದರೆ ಗುಡ್ಡ ಸುತ್ತಿಕೊಂಡು ಹದಿನಾಲ್ಕು ಕಿಲೋಮೀಟರ್. ಗುಡ್ಡ ಹತ್ತಿ ಇಳಿದರೆ ಆರು.

"ಗುಡ್ಡದ ಮೇಲೇ ಹೋಗಣ" ಎಂದರು ಚನ್ನವೀರಯ್ಯ. ಅವರು ಗ್ಯಾಂಗಿನ ಮೇಟ್, ಅಂದರೆ ಮೇಸ್ತ್ರಿ. ಐವತ್ತೆಂಟರ ವಯಸ್ಸು, ಹಣೆಯ ವಿಭೂತಿ ಮಳೆಗೆ ಆಗಲೇ ಕರಗಿತ್ತು. "ಸೇತುವೆ ಮೇಲೆ ಮರಗಿರ ಸಿಕ್ಕಿದ್ರೆ ತೆಗೆಯದು, ಹಸಿರು ಬಾವುಟ ತೋರ್ಸದು. ಮೊಳೆ ಕೆಲಸ ಏನಿಲ್ಲ ಸಾ. ಹೋದ ವಾರ ತಾನೇ ನಮ್ಮ ಮಾರಮ್ಮ ಎಲ್ಲಾ ಬಿಗಿ ಮಾಡವ್ಳೆ."

ಚಿಕ್ಕಮಾರಮ್ಮ ನೆಲ ನೋಡಿದಳು. ಅವಳ ಹೆಗಲ ಮೇಲೆ ಒಂದು ಅಕ್ಕಿಚೀಲವಿತ್ತು.

"ಏನಕ್ಕ ಅದು?" ಬಡಗಿ ಮನ್ಸೂರ್ ಅಲಿ ಚೀಲ ಮುಟ್ಟಿ ನೋಡಿದ. "ಗೂಟ? ಇಷ್ಟೊಂದು ಗೂಟ ಯಾಕೆ?"

"ಇರಲಿ ಅಂತ."

"ಡಾಂಬರ್ ಡಬ್ಬಿ ಬೇರೆ. ಬೈರಿಗೆನೂ ತಗೊಂಡವ್ಳೆ" ಎಂದು ನಕ್ಕ ಉದಯಕುಮಾರ್. "ಮಾರಕ್ಕ ಗುಡ್ಡದ ಮೇಲೆ ಮನೆ ಕಟ್ತಾಳೆ ಕಣಣ್ಣ. ಗೃಹಪ್ರವೇಶಕ್ಕೆ ಕರೆಯಕ್ಕ."

ಚಿಕ್ಕಮಾರಮ್ಮ ನಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಸಮ್ಮಟಿಗೆ ಹಿಡಿದವಳು ಅವಳು. ಮೂರೇ ಪೆಟ್ಟಿಗೆ ಮೊಳೆ ಇಳಿಸುತ್ತಾಳೆ ಎಂದು ಗುಬ್ಬಿಯ ಗ್ಯಾಂಗಿನವರೂ ಹೇಳುತ್ತಿದ್ದರು. ಕೆಲಸ ಮುಗಿದ ಸ್ಲೀಪರಿನ ತುದಿಗೆ ಎಲೆಅಡಿಕೆ ಡಬ್ಬಿಯಿಂದ ಒಂದು ಬೊಟ್ಟು ಸುಣ್ಣ ಇಡುವುದು ಅವಳ ರೂಢಿ. ಚನ್ನವೀರಯ್ಯ ಎಲ್ಲರ ಮೊಳೆಯನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಸುಣ್ಣದ ಬೊಟ್ಟು ಕಂಡರೆ ಮಾತ್ರ ತಟ್ಟದೆ ಮುಂದೆ ಹೋಗುತ್ತಿದ್ದರು.

ಹೋದ ವಾರ ಸೇತುವೆಯ ಕೊನೆಯ ಹದಿಮೂರು ಸ್ಲೀಪರು ಉಳಿದಿದ್ದಾಗ ಗೂಟ ಮುಗಿದುಹೋಗಿತ್ತು. ಕಿತ್ತ ಮೊಳೆಯನ್ನು ಸವೆದ ತೂತಿಗೇ ಮತ್ತೆ ಹೊಡೆಯಬಾರದು. ಡಾಂಬರಲ್ಲಿ ಅದ್ದಿದ ಮರದ ಗೂಟ ಜಡಿದು ತೂತು ಮುಚ್ಚಬೇಕು, ಬೈರಿಗೆಯಿಂದ ಹೊಸದಾಗಿ ಕೊರೆಯಬೇಕು, ಆಮೇಲೆ ಮೊಳೆ. ಗೂಟ ತರಲು ನಿಟ್ಟೂರಿಗೆ ಹೋದರೆ ಕೆಲಸ ನಾಳೆಗೆ ಬೀಳುತ್ತಿತ್ತು. ಒಂದೇ ದಿನದಲ್ಲಿ ಇಡೀ ಸೇತುವೆ ಮುಗಿಸುತ್ತೇನೆ ಎಂದು ಅವಳು ಎಲ್ಲರ ಮುಂದೆ ಹೇಳಿಬಿಟ್ಟಿದ್ದಳು. ಹಳೆಯ ತೂತುಗಳಿಗೇ ಮೊಳೆ ಹೊಡೆದಳು. ಹದಿಮೂರಕ್ಕೂ ಸುಣ್ಣ ಇಟ್ಟಳು. ಅಯ್ಯನವರು ತಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಅನ್ನ ಸೇರಲಿಲ್ಲ. ಹಿತ್ತಿಲಲ್ಲಿ ಕೂತು ಅರವತ್ತು ಗೂಟ ಕೆತ್ತಿದಳು. ಭಾನುವಾರ ಒಬ್ಬಳೇ ಹೋಗಿ ಯಾರಿಗೂ ಕಾಣದಂತೆ ಸರಿಮಾಡಿ ಬರಬೇಕೆಂದಿದ್ದಳು. ಶನಿವಾರವೇ ಮಳೆ ಹಿಡಿಯಿತು.

ಏಳಕ್ಕೆ ನಾಲ್ವರೂ ಹೊರಟರು.

ತೆಂಗಿನ ತೋಟಗಳು ಮುಗಿದಂತೆ ದಾರಿ ಕಡಿದಾಯಿತು. ಬಂದರೆ ಎಂಬ ಕುರುಚಲು ಗಿಡಗಳು ಸೊಂಟದೆತ್ತರಕ್ಕೆ ಬೆಳೆದು ದಾರಿಯನ್ನು ಮುಚ್ಚಿದ್ದವು. ಆನೆ ಮಲಗಿದ ಹಾಗೆ ಬಿದ್ದಿದ್ದ ಬಂಡೆಗಳ ಮೇಲಿಂದ ನೀರು ಹಾಳೆಹಾಳೆಯಾಗಿ ಇಳಿಯುತ್ತಿತ್ತು. ಕಾರೆಮುಳ್ಳು ಸೀರೆಗೆ ಸಿಕ್ಕಿ ಎಳೆಯುತ್ತಿತ್ತು. ಹಿಂದೆ ತಿರುಗಿ ನೋಡಿದರೆ ಗುಬ್ಬಿಯ ಕಡೆಯ ಕೆರೆಗಳು ತಗಡಿನಂತೆ ಹೊಳೆಯುತ್ತಿದ್ದವು. ಬಲಕ್ಕೆ, ದೂರದ ಮೋಡದಲ್ಲಿ, ದೇವರಾಯನದುರ್ಗದ ನೆತ್ತಿ ಒಮ್ಮೆ ಕಂಡು ಮರೆಯಾಯಿತು. ನೋಡಲು ಯಾರಿಗೂ ಬಿಡುವಿರಲಿಲ್ಲ. ಹಾರೆ, ಸಮ್ಮಟಿಗೆ, ಮೊಳೆಚೀಲ ಹೊತ್ತವರು ಬಗ್ಗಿ ಹತ್ತುತ್ತಿದ್ದರು. ಕಾಲು ಜಾರಿದಾಗಲೆಲ್ಲ ಗೂಟಗಳು ಚಿಕ್ಕಮಾರಮ್ಮನ ಬೆನ್ನಿಗೆ ಬಡಿಯುತ್ತಿದ್ದವು.

ಒಂಬತ್ತರ ಹೊತ್ತಿಗೆ ಎರಡು ಬಂಡೆಗಳ ನಡುವಿನ ಕಣಿವೆ ಸಿಕ್ಕಿತು. ಮುಂದೆ ಹೋಗುತ್ತಿದ್ದ ಉದಯಕುಮಾರ್ ಕೈ ಎತ್ತಿದ.

ಕರಡಿ.

ದಾರಿಯ ಮಧ್ಯದಲ್ಲೇ ಒಡೆದ ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರುತ್ತಿತ್ತು. ಅದರ ಬೆನ್ನ ಮೇಲೆ ಮರಿಯೊಂದು ತೊಯ್ದು ಕೂತಿತ್ತು.

"ಯಾರೂ ಅಲ್ಲಾಡ್ಬೇಡಿ" ಎಂದು ಚನ್ನವೀರಯ್ಯ ಪಿಸುಗುಟ್ಟಿದರು. "ತಿಂದು ಅದೇ ಹೋಗ್ತದೆ."

"ಎಷ್ಟೊತ್ತಿಗೆ?" ಎಂದ ಉದಯಕುಮಾರ್.

"ಅದನ್ನೇ ಕೇಳೋಗು."

ಹತ್ತು ನಿಮಿಷ ಕಳೆಯಿತು. ಹದಿನೈದಾಯಿತು. ಚಿಕ್ಕಮಾರಮ್ಮನಿಗೆ ಕರಡಿ ಕಾಣುತ್ತಿರಲಿಲ್ಲ, ಆ ಸೇತುವೆ ಕಣ್ಣಿಗೆ ಕಟ್ಟಿತ್ತು. ಅವಳು ಎರಡು ಮೊಳೆ ತೆಗೆದು, ಒಂದಕ್ಕೊಂದು ಬಡಿಯುತ್ತ ನೇರ ಮುಂದೆ ನಡೆದಳು.

ಠಣ್. ಠಣ್. ಠಣ್.

ಕರಡಿ ತಲೆ ಎತ್ತಿತು. ಹಿಂಗಾಲ ಮೇಲೆ ಎದ್ದು ನಿಂತಿತು. ಮರಿ ಜಾರಿ ಕೆಳಗೆ ಬಿತ್ತು. ಅವಳು ನಿಂತಳು, ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕರಡಿ ಒಂದು ಸಲ ಗುರುಗುಟ್ಟಿ, ಮರಿಯನ್ನು ಮುಂದೆ ತಳ್ಳಿಕೊಂಡು ಬಂಡೆಯ ಹಿಂದೆ ಹೋಯಿತು.

"ಯಪ್ಪಾ" ಎಂದ ಉದಯಕುಮಾರ್, ನೆಲಕ್ಕೆ ಕುಕ್ಕರಿಸುತ್ತ. "ಮಾರಕ್ಕ, ನಿನ್ನ ಗುಂಡಿಗೆ ಯಾವುದ್ರಲ್ಲಿ ಮಾಡವ್ರೆ?"

"ಕಾಣದೆ ಇರೋ ಆ ಹದಿನಾಲ್ಕು ಜನಕ್ಕೋಸ್ಕರ ಪ್ರಾಣ ಒಡ್ಡಿದ್ಲು ನೋಡು" ಎಂದರು ಚನ್ನವೀರಯ್ಯ.

ಚಿಕ್ಕಮಾರಮ್ಮನಿಗೆ ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಹೇಳಿಬಿಡಬೇಕು ಎನ್ನಿಸಿತು. ಬಾಯಿ ತೆರೆದಳು. "ನಡೀರಿ, ಹೊತ್ತಾಗ್ತದೆ" ಎಂದಷ್ಟೇ ಬಂತು.

ಸೇತುವೆ ಮುಟ್ಟಿದಾಗ ಹತ್ತು ಮುಕ್ಕಾಲು.

ಬೇಸಿಗೆಯಲ್ಲಿ ಕುರಿ ದಾಟುವ ಹಳ್ಳ ಈಗ ಕೆಂಪು ಹೊಳೆಯಾಗಿತ್ತು. ಕಬ್ಬಿಣದ ತೊಲೆಗಳ ಕೆಳಗೆ ಒಂದಾಳುದ್ದಕ್ಕೆ ನೀರು ಭೋರ್ಗರೆಯುತ್ತಿತ್ತು. ಬೇರುಸಮೇತ ಬಂದ ಜಾಲಿಮರಗಳು ಕಂಬಗಳಿಗೆ ಬಡಿದು, ತಿರುಗಿ, ಮುಳುಗಿ, ಆಚೆ ಏಳುತ್ತಿದ್ದವು. ಸೇತುವೆ ಆಚೆ ದಡದ ಹತ್ತಿರ ಎಡಕ್ಕೆ ಬಾಗಿತ್ತು. ಅವಳ ಹದಿಮೂರು ಸ್ಲೀಪರುಗಳು ಆ ಬಾಗಿನಲ್ಲೇ ಇದ್ದವು. ಅಲ್ಲಿ ಗಾಲಿಗಳು ಹೊರಗಿನ ಹಳಿಯನ್ನು ಆಚೆಗೆ ನೂಕುತ್ತವೆ. ಮೊಳೆ ಹಿಡಿಯದಿದ್ದರೆ ಹಳಿ ಅಗಲವಾಗಿ ಎಂಜಿನ್ ನಡುವೆ ಕುಸಿಯುತ್ತದೆ.

ಚನ್ನವೀರಯ್ಯ ಸುತ್ತಿಗೆ ಹಿಡಿದು ಸ್ಲೀಪರಿನಿಂದ ಸ್ಲೀಪರಿಗೆ ಹೋದರು. ಮಳೆಗೆ ಬೊಟ್ಟು ತೊಳೆದುಹೋದ ಕಡೆ ತಟ್ಟಿದರು. ಎಲ್ಲ ಠಣ್ಣೆಂದವು. ಬಾಗಿನ ಹತ್ತಿರ ಮರದ ಕೊಂಬೆ ಬಾಗಿ ಮರೆಯಾಗಿದ್ದಲ್ಲಿ ಬೊಟ್ಟುಗಳು ಇನ್ನೂ ಬೆಳ್ಳಗಿದ್ದವು. ಅವರು ಸುತ್ತಿಗೆಯನ್ನು ಹೆಗಲಿಗೇರಿಸಿದರು.

"ಉದಯ, ಆಚೆ ಹೋಗಿ ಹಸಿರು ಹಿಡ್ಕೊಂಡು ನಿಂತ್ಕೊ."

"ಅಯ್ನೋರೆ" ಎಂದಳು ಚಿಕ್ಕಮಾರಮ್ಮ.

ಅವಳು ಮಂಡಿಯೂರಿ, ಒಂದು ಮೊಳೆಯ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು. ಅದು ಹಾಗೇ ಬಂತು. ತೂತಿನಿಂದ ಕೆಂಪು ನೀರು ಉಕ್ಕಿತು.

ಅವಳು ಎರಡನೆಯದನ್ನೂ ಎತ್ತಿ ಅವರ ಕಾಲ ಬಳಿ ಇಟ್ಟಳು.

"ಗೂಟ ಹಾಕ್ಲಿಲ್ಲ. ಮುಗ್ದೋಗಿತ್ತು. ಹಂಗೇ ಹೊಡ್ದು ಸುಣ್ಣ ಇಟ್ಟೆ. ನೀವು ನೋಡಲ್ಲ ಅಂತ ಗೊತ್ತಿತ್ತು."

ಚನ್ನವೀರಯ್ಯ ಹೆಗಲ ಮೇಲಿನ ಸುತ್ತಿಗೆ ಇಳಿಸಿದರು. "ಎಷ್ಟು?"

"ಹದಿಮೂರು. ಐವತ್ತೆರಡು ಮೊಳೆ."

"ಥೂ" ಎಂದ ಉದಯಕುಮಾರ್. "ಬೆಳಗಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಕರಡಿ ಎದ್ರಿಗೆ ಹೋದೋಳಿಗೆ ನಮ್ಮೆದ್ರಿಗೆ ಹೇಳಕಾಗ್ಲಿಲ್ವಾ?"

"ಆಗ್ಲಿಲ್ಲ ಕಣಪ್ಪ."

"ಬೈಯೋದು ಆಮೇಲೆ ಬೈಯಣ" ಎಂದ ಮನ್ಸೂರ್, ಉಳಿ ತೆಗೆಯುತ್ತ. "ಗೂಟ ಕೊಡಕ್ಕ."

ಚನ್ನವೀರಯ್ಯ ಗಡಿಯಾರ ನೋಡಿದರು. ಐದು ನಿಮಿಷ ಕಮ್ಮಿ ಹನ್ನೊಂದು. "ಐವತ್ತೆರಡು ಆಗಲ್ಲ. ಹೊರಗಿನ ಕಂಬಿದು ಇಪ್ಪತ್ತಾರು ಮಾಡಣ. ನೂಕಿಸ್ಕೊಳ್ಳದು ಅದೇ. ಒಳಗಿಂದು ದೇವರ ಮೇಲೆ." ಅವಳ ಕಡೆ ನೋಡದೆ ಸೇರಿಸಿದರು: "ಸಮ್ಮಟಿಗೆ ಎತ್ಕೊ."

ಕೆಲಸ ಶುರುವಾಯಿತು.

ಚನ್ನವೀರಯ್ಯ ಅಳತೆಪಟ್ಟಿ ಇಟ್ಟು, ಹಾರೆ ಮೀಟಿ ಹಳಿಯನ್ನು ಜಾಗಕ್ಕೆ ತಂದರು. ಮನ್ಸೂರ್ ಗೂಟವನ್ನು ಡಾಂಬರಲ್ಲಿ ಅದ್ದಿ ತೂತಿಗೆ ಜಡಿದು, ಮೇಲುಳಿದದ್ದನ್ನು ಉಳಿಯಿಂದ ಕತ್ತರಿಸಿದ. ಉದಯಕುಮಾರ್ ಎದೆಕೊಟ್ಟು ಬೈರಿಗೆ ತಿರುಗಿಸಿದ. ಚಿಕ್ಕಮಾರಮ್ಮ ಹೊಡೆದಳು. ಒಂದು, ಎರಡು, ಮೂರು. ಮೊಳೆಯ ಕೊಕ್ಕೆ ಹಳಿಯ ಪಾದವನ್ನು ಕಚ್ಚಿಕೊಂಡಿತು. ಚನ್ನವೀರಯ್ಯ ತಟ್ಟಿ ಕೇಳಿದರು. ಠಣ್.

ಐದಾದವು. ಹನ್ನೆರಡಾದವು. ಅಂಗೈಯ ಬೊಕ್ಕೆ ಒಡೆದು ಸಮ್ಮಟಿಗೆಯ ಮರದ ಕಾವು ಜಾರತೊಡಗಿದಾಗ ಅವಳು ಸೆರಗು ಹರಿದು ಸುತ್ತಿಕೊಂಡಳು. ಕಾಲಡಿಯ ಸಂದಿಯಲ್ಲಿ ನೀರು ಓಡುವುದನ್ನು ನೋಡಿದರೆ ತಲೆ ಸುತ್ತುತ್ತಿತ್ತು. ಅವಳು ಮೊಳೆಯ ತಲೆ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಹದಿನೆಂಟನೆಯದಕ್ಕೆ ಸೇತುವೆ ನಡುಗಿತು.

ದೊಡ್ಡ ಹುಣಸೆಮರವೊಂದು ಕಂಬಕ್ಕೆ ಬಡಿದಿತ್ತು. ಮನ್ಸೂರ್ ಜಾರಿದ. ಒಂದು ಕಾಲು ಸ್ಲೀಪರಿನ ಸಂದಿಯಲ್ಲಿ ತೊಡೆಯವರೆಗೆ ಇಳಿಯಿತು. ಚಿಕ್ಕಮಾರಮ್ಮ ಸಮ್ಮಟಿಗೆ ಬಿಸಾಕಿ ಅವನ ಅಂಗಿಯ ಕಾಲರ್ ಹಿಡಿದಳು. ಉದಯಕುಮಾರ್ ತೋಳು ಹಿಡಿದ. ಎಳೆದು ಮೇಲೆ ಹಾಕಿದರು.

ಗೂಟದ ಚೀಲ ಮಾತ್ರ ಉರುಳಿ ಕೆಳಗೆ ಹೋಯಿತು. ಕೆಂಪು ನೀರು ಅದನ್ನು ನುಂಗಿತು.

"ಇನ್ನು ಎಂಟು ಬೇಕು" ಎಂದಳು ಚಿಕ್ಕಮಾರಮ್ಮ.

ಮನ್ಸೂರ್ ಮಂಡಿಯ ರಕ್ತ ಒರೆಸಿಕೊಂಡು, ಜೊತೆಗೆ ತಂದಿದ್ದ ಇನ್ನೊಂದು ಸಮ್ಮಟಿಗೆಯನ್ನು ಎತ್ತಿದ. ಅದರ ಕಾವನ್ನು ಬೆರಳಲ್ಲಿ ಕುಟ್ಟಿ ನೋಡಿದ. "ಹೊನ್ನೆಮರ. ಚೆನ್ನಾಗೈತೆ." ಕಾವನ್ನು ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಉದ್ದಕ್ಕೆ ಎರಡಾಗಿ ಸೀಳಿದ. ಎಂಟು ಗೂಟ.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅಷ್ಟರಲ್ಲೇ ಕ್ಯಾಂಪಿನ ಕಡೆಯಿಂದ ಹಾರನ್ ಕೂಗಿತು.

"ಬೇಗ ಹೊರಟವ್ರೆ" ಎಂದರು ಚನ್ನವೀರಯ್ಯ. "ಉದಯ, ಕೆಂಪು ತಗೊಂಡು ಓಡು."

ಅವನು ಸ್ಲೀಪರುಗಳ ಮೇಲೆ ಜಿಗಿಯುತ್ತ ಓಡಿದ. ಬೈರಿಗೆ ಈಗ ಚನ್ನವೀರಯ್ಯನವರ ಕೈಗೆ ಬಂತು. ಎಂಜಿನ್ನಿನ ಸದ್ದು ಹತ್ತಿರವಾಯಿತು, ಆಮೇಲೆ ಉದ್ದಕ್ಕೆ ಕಿರುಚಿ ನಿಂತಿತು. ಇನ್ನೂ ಐದು ಮೊಳೆ ಬಾಕಿ ಇದ್ದವು. ಕೊನೆಯದನ್ನು ಇಳಿಸಿದಾಗ ಚಿಕ್ಕಮಾರಮ್ಮನಿಗೆ ಸಮ್ಮಟಿಗೆ ಎತ್ತಲು ತೋಳಲ್ಲಿ ಕಸುವೇ ಉಳಿದಿರಲಿಲ್ಲ.

ಅವಳು ಎಂಜಿನ್ನಿನ ಹತ್ತಿರ ತಾನೇ ಹೋದಳು. ಹಿಂದಿನ ತೆರೆದ ವ್ಯಾಗನ್ನಿನಲ್ಲಿ ಟಾರ್ಪಾಲಿನಡಿ ಜನ ಮುದುರಿ ಕೂತಿದ್ದರು. ಕ್ಯಾಂಪಿನಿಂದ ಕಳಚಿ ತಂದ ಬಾಗಿಲ ಹಲಗೆಯ ಮೇಲೆ ರಾಮಾಂಜಿನಯ್ಯ ಮಲಗಿದ್ದ. ಕ್ಯಾಂಪಿನಲ್ಲಿ ಅಡುಗೆ ಮಾಡುವ ಶಕೀಲಾ ಕೂಸನ್ನು ಎದೆಗವಚಿಕೊಂಡೇ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಯಾಕಮ್ಮ ನಿಲ್ಸಿದ್ದು?" ಕುಣಿಗಲ್ ಕಡೆಯ ಡ್ರೈವರ್ ಗಂಗಣ್ಣ ಕಿಟಕಿಯಿಂದ ಬಗ್ಗಿ ಕೇಳಿದ.

"ಆ ಬಾಗಲ್ಲಿ ಮೊಳೆ ಸರಿಯಾಗಿ ಹೊಡ್ದಿರ್ಲಿಲ್ಲಣ್ಣ. ಹೊಡ್ದೋಳು ನಾನೇ. ಹೊರಗಿನ ಕಂಬಿ ಈಗ ಗಟ್ಟಿ ಮಾಡಿದೀವಿ. ಒಳಗಿಂದು ಇನ್ನೂ ಹಂಗೇ ಐತೆ. ತಿಳ್ಕೊಂಡು ಬರ್ರಿ."

ಗಂಗಣ್ಣ ವ್ಯಾಗನ್ನಿನ ಕಡೆ ತಿರುಗಿದ. "ಇಳ್ದು ನಡೀತೀರಾ?" ಎಂದು ಹಿಂದಿನವರನ್ನು ಕೇಳಿದ.

"ಈ ಸಂದೀಲಿ ಕೂಸೆತ್ಕೊಂಡು ಹೆಂಗ್ ನಡೀಲಿ?" ಎಂದಳು ಶಕೀಲಾ. "ಇವ್ರನ್ನ ಯಾರು ಹೊರ್ತಾರೆ? ಈ ಯಮ್ಮ ಎಲ್ಲಿ ನಿಂತ್ಕೋತದೆ ಕೇಳಣ್ಣ."

"ಮೊಳೆ ಪಕ್ಕದಲ್ಲೇ" ಎಂದಳು ಚಿಕ್ಕಮಾರಮ್ಮ.

"ಹಂಗಾದ್ರೆ ನಡಿ."

ಬಾಗಿನಲ್ಲಿ, ಸೇತುವೆಯ ಬದಿಗೆ, ರೈಲು ಬಂದಾಗ ಸರಿದು ನಿಲ್ಲಲು ಒಂದು ಪುಟ್ಟ ಕಟ್ಟೆಯಿತ್ತು. ಅವಳು ಅಲ್ಲಿ ಕುಕ್ಕರುಗಾಲಲ್ಲಿ ಕೂತಳು. ಎಂಜಿನ್ ಮನುಷ್ಯ ನಡೆಯುವ ವೇಗದಲ್ಲಿ ಬಂತು. ಮೊದಲ ಗಾಲಿ ಮೊದಲ ಸ್ಲೀಪರು ಮುಟ್ಟಿತು. ಮರ ನರಳಿತು. ಮೊಳೆಯ ಬುಡದಿಂದ ಡಾಂಬರು ಒಸರಿತು.

ಮೊಳೆ ಏಳಲಿಲ್ಲ.

ಎರಡನೆಯದು. ಐದನೆಯದು. ಒಳಗಿನ ಹಳಿಯ ಮೊಳೆಗಳು ಗಾಲಿಗೊಮ್ಮೆ ಎದ್ದು ಕೂರುತ್ತಿದ್ದವು, ಬಾಯಿ ತೆರೆದು ಮುಚ್ಚುವ ಮೀನಿನಂತೆ. ಹೊರಗಿನ ಹಳಿ ಕೂದಲೆಳೆಯಷ್ಟು ಸರಿಯಿತು, ಅಲ್ಲೇ ಹಿಡಿಯಿತು. ಹತ್ತನೆಯದರ ಮೇಲೆ ಏನೋ ಚಟ್ಟೆಂದಿತು. ಕಾವಿನ ಗೂಟ ಜಡಿದ ಜಾಗ. ಅವಳು ಅಂಗೈಯನ್ನು ಮೊಳೆಯ ಪಕ್ಕದ ಮರಕ್ಕೆ ಒತ್ತಿ ಹಿಡಿದಳು, ಒತ್ತಿದರೆ ನಿಲ್ಲುತ್ತದೆ ಎಂಬಂತೆ. ಗಾಲಿಗಳು ಮೊಳದ ದೂರದಲ್ಲಿ ಉರುಳಿದವು. ವ್ಯಾಗನ್ ಬಂತು. ಟಾರ್ಪಾಲಿನಡಿಯಿಂದ ಶಕೀಲಾ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು. ಕೊನೆಯ ಗಾಲಿ ಹದಿಮೂರನೆಯ ಸ್ಲೀಪರು ದಾಟಿ ಆಚೆ ಹೋಯಿತು.

ಸೇತುವೆ ಮುಗಿದ ಮೇಲೆ ಎಂಜಿನ್ ನಿಂತಿತು. ನಾಲ್ವರೂ ಹತ್ತಿದರು. ಚನ್ನವೀರಯ್ಯ ಅವಳಿಂದ ದೂರ ಕೂತರು. ಉದಯಕುಮಾರ್ ಮಾತ್ರ ತನ್ನ ಟವೆಲ್ ಹಿಂಡಿ ಅವಳ ಕೈಗೆ ಕೊಟ್ಟ. "ಕೈ ಕಟ್ಕೊ. ಸಿಟ್ಟು ಹೋಗಿಲ್ಲ ನಂಗೆ."

ನಿಟ್ಟೂರು ತಲುಪಿದಾಗ ಒಂದೂವರೆ. ಆಂಬುಲೆನ್ಸ್ ರಾಮಾಂಜಿನಯ್ಯನನ್ನು ತುಮಕೂರಿಗೆ ಕರೆದುಕೊಂಡು ಹೋಯಿತು. ಕಾಲು ಉಳಿಯಬಹುದು ಎಂದರು ಜೊತೆಗಿದ್ದ ನರ್ಸ್. ಜನ ಒಬ್ಬೊಬ್ಬರಾಗಿ ಇಳಿದು ಶೆಡ್ಡಿನ ಸೂರಿನಡಿ ನಿಂತರು.

ಬಸವರಾಜ್ ಮೇಜಿನ ಮೇಲೆ ಕಾಗದ ಹರಡಿದರು. "ರಿಪೋರ್ಟ್ ಹೇಳಿ ಚನ್ನವೀರಯ್ಯ, ಬರ್ಕೋತೀನಿ."

ಚನ್ನವೀರಯ್ಯ ಬಾಯಿ ತೆರೆಯುವ ಮೊದಲೇ ಚಿಕ್ಕಮಾರಮ್ಮ ಮುಂದೆ ಬಂದಳು. ಅವಳು ಹೇಳಿದ್ದನ್ನು ಕೇಳುತ್ತ ಬಸವರಾಜರ ಪೆನ್ನು ನಿಧಾನವಾಯಿತು. ಕೊನೆಗೆ ಅವರು ತಲೆ ಎತ್ತದೆ ಹೇಳಿದರು:

"ಜನ ಉಳಿದಿದಾರೆ. ಮಳೆಯಿಂದ ಮೊಳೆ ಸಡಿಲ ಆಗಿತ್ತು, ಬಿಗಿ ಮಾಡಿದ್ರು ಅಂತ ಬರೀತೀನಿ. ಸಾಕಲ್ಲ?"

ಅವಳು ತಪ್ಪು ಹೇಳಿಕೊಂಡ ಮೇಲೆ ಮೊದಲ ಸಲ ಚನ್ನವೀರಯ್ಯ ಅವಳ ಮುಖ ನೋಡಿದರು.

"ಮಳೆಯಿಂದಲ್ಲ ಸಾ" ಎಂದಳು. "ನನ್ನಿಂದ. ಹಂಗೇ ಬರ್ಕೊಳ್ಳಿ."

"ಕೆಲಸ ಹೋಗಬಹುದು."

"ಗೊತ್ತು ಸಾ."

"ನಂದೂ ಸೇರ್ಸಿ" ಎಂದರು ಚನ್ನವೀರಯ್ಯ. "ಮೇಟ್ ನೋಡದೆ ಬಿಟ್ಟಿದ್ದ ಅಂತ."

ಬಸವರಾಜ್ ಬರೆದರು. ಅವಳು ಗಾಯದ ಕೈಯಲ್ಲಿ ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆಯುವಷ್ಟು ಹೊತ್ತೂ ಯಾರೂ ಅವಸರ ಮಾಡಲಿಲ್ಲ.

ಹೊರಗೆ ಶಕೀಲಾ ಯಾರದೋ ಒಲೆ ಹಚ್ಚಿ ಹದಿನೆಂಟು ಲೋಟಕ್ಕೆ ಟೀ ಬಗ್ಗಿಸುತ್ತಿದ್ದಳು. ಒಂದನ್ನು ತಂದು ಚಿಕ್ಕಮಾರಮ್ಮನ ಎಡಗೈಗೆ ಕೊಟ್ಟಳು. ಕೂಸನ್ನೂ ಅವಳ ತೊಡೆಯ ಮೇಲೆ ಕೂರಿಸಿ, ಉಳಿದವರಿಗೆ ಲೋಟ ಹಂಚಲು ಹೋದಳು.