ನಾಲೆ ಏರಿ ಮೇಲೆ ಮದುವೆ ಕಾರು

ಮುಂದಿನ ಎರಡು ಚಕ್ರ ಗಾಳಿಯಲ್ಲಿದ್ದವು!

ಕೆಳಗೆ ವಿ.ಸಿ. ನಾಲೆ. ತುಂಬಿ ಹರಿಯುತ್ತಿತ್ತು... ಟೀ ಬಣ್ಣದ ನೀರು. ಟೀ ಕುದಿಯುವ ಹಾಗೆ ಸುಳಿ.

ಹಿಂದೆ ಒಂದು ಜೀಪು. ನನ್ನ ಕಾರಿನ ಬಂಪರಿಗೆ ಮೂತಿ ಕೊಟ್ಟು ದಬ್ಬುತ್ತಿತ್ತು.

ದಬ್ಬು... ನಿಲ್ಲು. ದಬ್ಬು... ನಿಲ್ಲು.

ಪ್ರತಿ ದಬ್ಬಿಗೂ ಕಾರು ಒಂದು ಗೇಣು ನೀರಿನ ಕಡೆ ಜಾರುತ್ತಿತ್ತು.

ಡೋರಿನ ಹ್ಯಾಂಡಲ್ ಎಳೆದೆ. ಹ್ಯಾಂಡಲ್ ಕೈಗೆ ಬಂತು. ಡೋರ್ ಬರಲಿಲ್ಲ!

ಗ್ಲಾಸಿನ ಬಟನ್ ಒತ್ತಿದೆ. ಕರೆಂಟೇ ಸತ್ತಿತ್ತು. ಎಡಗಡೆ ಡೋರಿಗೆ ಏರಿಯ ಕಲ್ಲು ಅಡ್ಡ.

ನನಗೆ ಈಜು ಬರಲ್ಲ ಸ್ವಾಮಿ! ಬಕೆಟ್ಟಿನ ನೀರನ್ನೂ ಮಾರು ದೂರ ನಿಂತು ಚೊಂಬಲ್ಲಿ ಎತ್ತಿಕೊಳ್ಳುವ ಗಿರಾಕಿ ನಾನು.

ಇಲ್ಲಿಗೆ ಹೇಗೆ ಬಂದೆ ಅಂತೀರಾ? ಗೆಳೆಯನಿಗೆ ಒಂದು ಹಳೇ ಕಾರು ನೋಡಿಕೊಡೋಕೆ ಬಂದೆ. ಅಷ್ಟೇ!

ನಾನು ಸಿದ್ದರಾಮು. ಪಾಂಡವಪುರ. ಓದು ಮೂರನೇ ಕ್ಲಾಸಿಗೇ ಸುಸ್ತಾಗಿ ಕೂತುಬಿಟ್ಟಿತು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ... ಈ ನಾಲ್ಕು ತಾಲೂಕಿನಲ್ಲಿ ನನ್ನ ಕಿವಿಗೆ ಬೀಳದೆ ಸೆಕೆಂಡ್ ಹ್ಯಾಂಡ್ ಗಾಡಿ ಕೈ ಬದಲಾಗಲ್ಲ. ಬಾನೆಟ್ ಮೇಲೆ ಕಿವಿ ಇಡ್ತೀನಿ. "ತಗೋ" ಅಂದರೆ ತಗೋತಾರೆ. "ಬೇಡ" ಅಂದರೆ ಮಾರುವವನು ನನ್ನ ಮನೆ ಹೆಂಚಿಗೆ ಕಲ್ಲು ಹೊಡೀತಾನೆ. ನಾಗಮಂಗಲದಲ್ಲಿ ಒಂದು ವ್ಯಾನಿನ ಹಾರ್ನ್ ಕೇಳಿಯೇ ಅದರ ಓನರಿಗೆ ಎರಡನೇ ಸಂಸಾರ ಇದೆ ಅಂದಿದ್ದೆ.

ಇತ್ತು!

ಆವತ್ತು ಬೆಳಿಗ್ಗೆ ಚಲುವರಾಜುವಿನ ಫೋನು. ಸಿಂಧಘಟ್ಟದವನು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು.

"ಸಿದ್ದ, ಒಂದ್ ಗಾಡಿ ನೋಡಿವ್ನಿ ಕಣ್ಲಾ. ಜರ್ಮನ್ ಗಾಡಿ! ಮದ್ವೆ ಬಾಡ್ಗೆಗೆ ಬುಡಾನ ಅಂತ. ನೀನ್ ಊಂ ಅಂದ್ರೆ ತಗಂಡ್‌ಬುಡ್ತೀನಿ."

"ಎಷ್ಟ್ ಓಡೈತೆ?"

"ಮೀಟ್ರಲ್ಲಿ ಕಮ್ಮಿನೇ ತೋರುಸ್ತದೆ."

"ಮೀಟ್ರು ಏನ್ ನಿಮ್ಮವ್ವನ ಮೇಲೆ ಆಣೆ ಮಾಡೈತಾ?"

"ಅದ್ಕೇ ನಿನ್ನ ಕರೀತಿರೋದು. ಬಾರ್ಲಾ!"

ಹೋದೆ. ಶ್ರೀರಂಗಪಟ್ಟಣದ ಹೊರಗೆ ಒಂದು ಶೆಡ್ಡು. ಓನರ್ ಲೋಕೇಶ್. ಮದುವೆಗಳಿಗೆ ಕಾರು ಬಾಡಿಗೆಗೆ ಬಿಡುವವನು. ಬಾಯಿ ತುಂಬ ನಗು, ಕಣ್ಣಿಗೆ ಕಪ್ಪು ಗ್ಲಾಸು.

ಕಾರು ನಿಂತಿತ್ತು. ಬೆಳ್ಳಗೆ... ಈಗ ತಾನೇ ಮೊಸರಲ್ಲಿ ಅದ್ದಿ ತೆಗೆದ ಹಾಗೆ!

"ಇದೂ ಬಾಡ್ಗೆ ಗಾಡಿಯಾ?" ಅಂದೆ.

"ಚೆ ಚೆ! ಮೈಸೂರಿನ ಡಾಕ್ಟ್ರುದು ಕಣಣ್ಣ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಭಾನ್ವಾರ ರೆಸ್ಟು."

ಬ್ರೇಕ್ ಪೆಡಲ್ ಮುಟ್ಟಿದೆ. ರಬ್ಬರು ಹೊಳೆಕಲ್ಲಿನ ಹಾಗೆ ನುಣ್ಣಗಾಗಿತ್ತು. ಡ್ರೈವರ್ ಸೀಟಿನಲ್ಲಿ ಎಂಥ ಗುಂಡಿ ಅಂದರೆ ಕೋಳಿ ಬಂದು ಕಾವಿಗೆ ಕೂರಬಹುದಿತ್ತು. ಸನ್‌ರೂಫ್ ಬಟನ್ ಒತ್ತಿದೆ. ಅರ್ಧ ತೆರೆದು ಕಚ್ಚಿಕೊಂಡಿತು. ಸಂದಿಯಲ್ಲಿ ಒಣಗಿದ ಸೇವಂತಿಗೆ ಎಸಳು!

ವೈಪರಿನ ಕೆಳಗಿನ ಜಾಲರಿ ಎತ್ತಿದೆ.

ಅಕ್ಷತೆ!

ಒಂದು ಕಾಳಲ್ಲ, ಎರಡು ಕಾಳಲ್ಲ... ಹಿಡಿ ಹಿಡಿ. ಅರಿಶಿನ ಹೋಗಿ ಬಿಳುಪಾದ ಹಳೇ ಕಾಳು. ಮೊನ್ನೆ ಮೊನ್ನೆಯ ಹಳದಿ ಕಾಳು. ಅಕ್ಕಿ ಮೊಳಕೆ ಒಡೆಯಲ್ಲ ಅಂತ ನನಗೂ ಗೊತ್ತು ಸ್ವಾಮಿ. ಅಲ್ಲಿ ಒಡೆದಿತ್ತು!

"ಲೋಕೇಶಪ್ಪ... ಡಾಕ್ಟ್ರು ದಿನಾ ಮದ್ವೆ ಆಗ್ತಿದ್ರಾ?"

ಲೋಕೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಿಕ್ಕಾಕ್ಕಂಡೆ ಬುಡಣ್ಣ!"

ಚಲುವನ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಬ್ಯಾಡ ಕಣ್ಲಾ. ನಮ್ ಸೀಮೆಯ ಅರ್ಧ ಗಂಡುಗಳ್ನ ಒತ್ತೈತೆ ಇದು. ಗೇರ್‌ಬಾಕ್ಸು ಕೆಮ್ತಾ ಐತೆ. ಇದ್ನ ತಗಂಡ್ರೆ ಪ್ರತಿ ಮದ್ವೆಗೂ ಗಂಡ್ನ ನೀನೇ ಎಗಲ ಮೇಲೆ ಒತ್ಕಂಡ್ ಓಗ್ಬೇಕು!"

"ಅಂಗಂದ್ರೆ ಎಂಗ್ಲಾ? ಓಡ್ಸದೇ ಬ್ಯಾಡ ಅಂತೀಯಲ್ಲ. ನಾಲೆ ಏರಿ ಮೇಲೆ ಒಂದ್ ರೌಂಡ್ ಓಗ್ಬಾ. ಗಾಡಿಗೀಡಿ ಇರಲ್ಲ, ಪಿಕಪ್ ಗೊತ್ತಾಯ್ತದೆ."

"ನೀನೂ ಬಾ ಮತ್ತೆ."

"ಕೆ.ಆರ್.ಪೇಟೆಲಿ ಬೋಂಡಾ ತಿಂದೆ ಕಣ್ಲಾ. ಒಟ್ಟೆ ತೊಳುಸ್ತದೆ."

ತಾನೇ ಬಂದು ಡೋರ್ ತೆಗೆದ. ಬಗ್ಗಿ ಕೈ ಚಾಚಿದ.

"ಬಾರಪ್ಪ ಮದುವಣ್ಗ!"

ನಗುತ್ತಾ ಹತ್ತಿದೆ. ತಾನೇ ಡೋರ್ ಹಾಕಿದ.

ಬೇಡ ಅಂದ ಮೇಲೂ ಲೋಕೇಶನ ನಗು ಹಾಗೇ ಇತ್ತು ನೋಡಿ... ಮಾರುವವನಿಗೆ ಸಿಟ್ಟು ಬರಲಿಲ್ಲ ಅಂದರೆ ಅಲ್ಲೇ ನನಗೆ ಹೊಳೆಯಬೇಕಿತ್ತು!

ಹೊಳೆಯಲಿಲ್ಲ.

ಏರಿ ಹತ್ತಿದೆ. ಎಡಕ್ಕೆ ಕಬ್ಬಿನ ಗದ್ದೆ, ಬಲಕ್ಕೆ ನೀರು. ಕನ್ನಡಿಯಲ್ಲಿ ಧೂಳು... ಧೂಳಿನ ಒಳಗಿಂದ ಜೀಪು! ಬಿಸಿಲು ಗಾಜಿಗೆ ಹೊಡೆದು ಒಳಗೆ ಯಾರಿದ್ದಾರೆ ಕಾಣಲಿಲ್ಲ. ಸೈಲೆನ್ಸರ್ ಒಡೆದಿತ್ತು. ನಾಯಿ ಗೊರಕೆ ಹೊಡೆಯುವ ಶಬ್ದ.

ಸೈಡ್ ಕೊಟ್ಟೆ. ಹೋಗಲಿಲ್ಲ.

ಧಡ್!

ಆಕ್ಸಿಲರೇಟರ್ ತುಳಿದೆ. ಕಾರು ಹಾರಿತು. ಎಂಥ ಹಾರಾಟ ಅಂದರೆ ಏರಿ ಮೇಲಿನ ಕೊಕ್ಕರೆಗಳು ಹಾರೋದು ಮರೆತು ನಿಂತು ನೋಡಿದವು! ಜೀಪೂ ಬಿಡಲಿಲ್ಲ. ತಿರುವಿನಲ್ಲಿ ಗೇರ್‌ಬಾಕ್ಸು ಒಮ್ಮೆ ಕೆಮ್ಮಿತು... ಅಷ್ಟೇ! ಇಂಜಿನ್ ಆಫ್.

ಧಡ್! ಧಡ್!

ಕಾರು ಅಡ್ಡ ತಿರುಗಿತು. ಮೂತಿ ನಾಲೆಯ ಮೇಲೆ ಚಾಚಿಕೊಂಡಿತು.

ಈಗ ಗೊತ್ತಾಯಿತಲ್ಲ, ಎಲ್ಲಿದ್ದೆ ಅಂತ?

ಮೆಲ್ಲಗೆ ಹಿಂದಿನ ಸೀಟಿಗೆ ತೆವಳಿದೆ. ಹಿಂದಿನ ಡೋರುಗಳಿಗೆ ಚೈಲ್ಡ್ ಲಾಕು! ಮದುವೆ ಗಂಡು ಓಡಿಹೋಗಬಾರದು ಅಂತಲೋ ಏನೋ.

ತಲೆ ಎತ್ತಿದೆ. ಸನ್‌ರೂಫ್. ಅರ್ಧ ತೆರೆದಿತ್ತು.

ನನ್ನ ಹೊಟ್ಟೆ ನಿಮಗೆ ಕಾಣ್ತಾ ಇದೆಯಲ್ಲ? ಆ ಹೊಟ್ಟೆ ಆ ಸಂದಿಯಲ್ಲಿ ತೂರಿತು ಸ್ವಾಮಿ! ಉಸಿರು ಬಿಟ್ಟೆ, ಶರ್ಟು ಬಿಟ್ಟೆ, ಚರ್ಮವನ್ನೂ ಒಂದಿಷ್ಟು ಅಲ್ಲೇ ಬಿಟ್ಟೆ. ಟಾಪಿನ ಮೇಲೆ ಬಂದು ಬಿದ್ದೆ.

ಜೀಪು ಮತ್ತೆ ದಬ್ಬೋಕೆ ಹಿಂದಕ್ಕೆ ಹೋಯಿತು...

ಅಷ್ಟರಲ್ಲಿ ಟ್ರಾಕ್ಟರ್ ಹಾರ್ನ್! ಕಬ್ಬು ತುಂಬಿಕೊಂಡು ಎದುರಿಗೇ ಬಂತು. ಜೀಪು ಗಕ್ಕನೆ ತಿರುಗಿ ಧೂಳೆಬ್ಬಿಸಿಕೊಂಡು ಓಡಿತು.

ಟ್ರಾಕ್ಟರಿನಿಂದ ಸಣ್ಣಯ್ಯ ಇಳಿದ. ಅಲ್ಲೇ ಕೆಳಗಿನ ಆಲೆಮನೆಯವನು. ಕಾರಿನ ಟಾಪಿನ ಮೇಲೆ ಬನಿಯನ್ನಿನಲ್ಲಿ ಕಪ್ಪೆಯ ಹಾಗೆ ಕೂತ ನನ್ನನ್ನು ನೋಡಿದ.

"ಏನಣ್ಣ... ಒಣಾಕ್ಕಂಡಿದ್ದೀಯಾ?"

"ಇಳುಸ್ಲಾ ಮೊದ್ಲು!"

ಇಳಿಯುವಾಗ ಕಾಲು ಉಳುಕಿತು. ಕುಂಟುತ್ತಿದ್ದ ನನ್ನನ್ನು ಆಲೆಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಬೀರಮ್ಮ ಕೊಪ್ಪರಿಗೆ ಮುಂದೆ ನಿಂತು ಕುದಿಯುವ ಬೆಲ್ಲದ ಪಾಕ ಕಡೆಯುತ್ತಿದ್ದಳು. ಒಂದು ಲೋಟ ಕಬ್ಬಿನ ಹಾಲು ಕೊಟ್ಟಳು. ಒಂದೇ ಗುಟುಕಿಗೆ ಅರ್ಧ ಇಳಿಸಿದೆ.

"ಪೊಲೀಸ್ಗೆ ಪೋನ್ ಮಾಡ್ತೀನಿ ತಡಿ" ಅಂತ ಸಣ್ಣಯ್ಯ ಆಚೆ ಹೋದ.

ನಾನು ಯಾರಿಗೆ ಮಾಡಿದೆ ಹೇಳಿ? ಚಲುವನಿಗೆ! ಇನ್ಯಾರಿಗೆ ಮಾಡಲಿ? ಚಿಕ್ಕವನಿದ್ದಾಗ ಸಿಂಧಘಟ್ಟದ ಕೆರೆಗೆ ಬಿದ್ದಿದ್ದೆ. ಜುಟ್ಟು ಹಿಡಿದು ಮೇಲೆ ಎಳೆದವನು ಅವನು. ನನಗೆ ಈಜು ಬರಲ್ಲ ಅಂತ ಭೂಮಿ ಮೇಲೆ ಗೊತ್ತಿರೋದು ಅವನೊಬ್ಬನಿಗೇ. ಮಿಕ್ಕವರಿಗೆಲ್ಲ ನಾನು ತುಂಬಿದ ಕಾವೇರಿಯನ್ನು ಬೀಡಿ ಆರದ ಹಾಗೆ ಈಜಿ ದಾಟಿದ ಕತೆ ಹೇಳಿದ್ದೀನಿ!

"ಚಲುವ... ಯಾವನೋ ನನ್ನ ನಾಲೆಗೆ ತಳ್ಳಕ್ ನೋಡ್ದ ಕಣ್ಲಾ!"



"...ಬದ್ಕಿದ್ದೀಯಾ?"

"ಸತ್ತೋನು ಪೋನ್ ಮಾಡ್ತಾನ?"

"ಎಲ್ಲಿದ್ದೀಯ್ಲಾ? ಯಾರ್ಗೂ ಏಳ್ಬ್ಯಾಡ. ನಂಗೊಬ್ಬುಂಗೇ ಏಳು. ಬಂದೆ!"

ಹೇಳಿದೆ. ಸಣ್ಣಯ್ಯನ ಆಲೆಮನೆ ಅಂತ. ಕಾಲು ಉಳುಕಿದೆ, ಎಲ್ಲೂ ಹೋಗಲ್ಲ ಅಂತ. ಎಲ್ಲಾ ಹೇಳಿದೆ!

ಸ್ವಲ್ಪ ಹೊತ್ತು. ದೂರದಲ್ಲಿ ಗಾಡಿ ಶಬ್ದ.

ನಾಯಿ ಗೊರಕೆ ಹೊಡೆಯುವ ಶಬ್ದ...

ಲೋಟ ಕೆಳಗಿಟ್ಟೆ. ಹಿಂದೆ ಕಬ್ಬಿನ ಸಿಪ್ಪೆಯ ರಾಶಿ, ತೆಂಗಿನ ಮರದ ಎತ್ತರ. ಅದರ ಹಿಂದೆ ಮುದುರಿ ಕೂತೆ.

ಜೀಪು ನಿಂತಿತು. ಲೋಕೇಶ್ ಇಳಿದ. ಕೈಯಲ್ಲಿ ವೀಲ್ ಸ್ಪ್ಯಾನರ್.

ಇನ್ನೊಂದು ಕಡೆಯಿಂದ...

ಚಲುವರಾಜು ಇಳಿದ.

ನನ್ನ ಎದೆಯೊಳಗೆ ಏನೋ ಕಳಚಿಕೊಂಡಿತು. ನಾಲೆ ಮೇಲೆ ನೇತಾಡುವಾಗಲೂ ಹಾಗಾಗಿರಲಿಲ್ಲ.

"ಸಿದ್ದಾ..." ಅಂತ ಕೂಗಿದ. ಎಂಥ ದನಿ ಅಂತೀರಿ! ಕಳೆದುಹೋದ ಕರುವನ್ನು ಕರೆಯುವ ದನಿ. "ಎಲ್ಲಿದ್ದೀಯಪ್ಪಾ? ನಾನ್ ಬಂದಿವ್ನಿ!"

ಲೋಕೇಶ್ ಗೊಣಗಿದ: "ಎಲ್ಲವ್ನಯ್ಯಾ?"

"ಇಲ್ಲೇ ಅವ್ನೆ. ಕಾಲ್ ಉಳುಕೈತೆ ಅಂದ. ತಡಿ, ಪೋನ್ ಮಾಡ್ತೀನಿ."

ನನ್ನ ಪ್ಯಾಂಟಿನ ಜೇಬಿನಲ್ಲಿ ಫೋನು ನಾದಸ್ವರ ಊದಿತು!

ಎದ್ದೆ. ಓಡಿದೆ. ಉಳುಕಿದ ಕಾಲೇ ಮುಂದೆ! ಕಬ್ಬಿನ ಗದ್ದೆಗೆ ನುಗ್ಗಿದೆ. ಗರಿಗಳು ಮುಖ ಕೊಯ್ದವು. ಹಿಂದೆ ಲೋಕೇಶನ ಉಸಿರು.

"ನಿಲ್ಲೋ! ಮಾತಾಡಾನ!"

"ಸ್ಪ್ಯಾನರ್ ಇಟ್ಕಂಡಾ?"

ಬೀಸಿದ. ನನ್ನ ಕಿವಿ ಪಕ್ಕದ ಕಬ್ಬು ಎರಡು ತುಂಡಾಯಿತು. ಗಿರಕಿ ಹೊಡೆದು ಬಂದ ದಾರಿಯಲ್ಲೇ ವಾಪಸ್ ಓಡಿದೆ. ನೇರ ಕೊಪ್ಪರಿಗೆ ಮುಂದೆ ಹೋಗಿ ಬಿದ್ದೆ.

ಲೋಕೇಶ್ ಸ್ಪ್ಯಾನರ್ ಎತ್ತಿದ...

"ಒಂದೆಜ್ಜೆ ಮುಂದಿಕ್ಕೆ ಮಡುಗ್ದೋ..."

ಬೀರಮ್ಮ! ಆಳುದ್ದದ ಸೌಟು. ಸೌಟು ತುಂಬ ಕುದಿಯುವ ಪಾಕ. ಬುಳಬುಳ ಅಂತಿತ್ತು.

"...ನಿನ್ ಮಕನ ಅಚ್ಚು ಬೆಲ್ಲ ಮಾಡ್ಬುಡ್ತೀನಿ ನನ್ ಮಗನೇ! ಬುಡು ಕೆಳಕ್ಕೆ!"

ಸ್ಪ್ಯಾನರ್ ಬಿತ್ತು. ಆಚೆ ಸಣ್ಣಯ್ಯ ಜೀಪಿಗೆ ಅಡ್ಡ ಟ್ರಾಕ್ಟರ್ ನಿಲ್ಲಿಸಿ, ಬೀಡಿ ಹಚ್ಚಿಕೊಂಡು ಅದರ ಮೇಲೇ ಕೂತಿದ್ದ.

ಚಲುವ ಅಲ್ಲಾಡದೆ ನಿಂತಿದ್ದ. ನಾನು ಎದ್ದು ಅವನ ಮುಂದೆ ಹೋದೆ.





"ಯಾಕ್ಲಾ ಚಲುವ?"

"ಆ ಗಾಡಿ ಯಾರೂ ತಗಳಲ್ಲ ಕಣ್ಲಾ. ಇನ್ಸೂರೆನ್ಸು ಮಾತ್ರ ವಸಾ ಗಾಡಿಯಂಗೆ ಐತೆ. ಓನರೇ ನಾಲೆಗೆ ಬುಟ್ರೆ ಡೌಟ್ ಬತ್ತದೆ. ಟ್ರಯಲ್ ನೋಡಕ್ಕೆ ಬಂದೋನು ಬುಟ್ರೆ..."

"ಡೌಟ್ ಬರಲ್ಲ."

"ಇನ್ನೊಂದ್ ಗಾಡಿ, ವಸದು, ನನ್ನೆಸ್ರಿಗೆ ಮಾಡ್ಕೊಡ್ತೀನಿ ಅಂದ..."

"ಆ ಡೋರಿನ ಹ್ಯಾಂಡ್ಲು?"

ಚಲುವ ತಲೆ ತಗ್ಗಿಸಿದ. ಬಗ್ಗಿ, ಕೈ ಚಾಚಿ, ಮದುವಣಗನ ಹಾಗೆ ಕೂರಿಸಿದ್ದು ನೆನಪಾಯಿತು. ಒಳಗಿನ ಹ್ಯಾಂಡಲ್ ನಾನು ಮುಟ್ಟಿ ನೋಡಬಾರದು ಅಂತ!

"ನೀನ್ ಎಂಗೋ ಆಚೆ ಬಂದು ಈಜ್ಕಂಡ್ ಬತ್ತೀಯ ಅಂದ್ಕಂಡೆ ಕಣ್ಲಾ ಸಿದ್ದ... ನಮ್ಮವ್ವನಾಣೆ!"

ಪಕ್ಕದಿಂದ ಲೋಕೇಶ್ ಕಿರುಚಿದ, ಸೌಟಿನ ಮೇಲೆ ಕಣ್ಣಿಟ್ಟುಕೊಂಡೇ: "ಸುಳ್ಳು! ಊರೆಲ್ಲ ಇವ್ನು ಕಾವೇರಿ ಈಜ್ದೋನು ಅಂತದೆ, ಈಜ್ಕಂಡ್ ಎದ್ದು ಬಂದ್ರೆ ಏನ್ ಗತಿ ಅಂತ ನಾನೇ ಕೇಳ್ದೆ. 'ಅದೆಲ್ಲ ಬುರುಡೆ, ಮುಳುಗುದ್ರೆ ಮೇಲಕ್ಕೆ ಬರಲ್ಲ ಬುಡು' ಅಂದೋನು ಈ ಚಲುವನೇ!"



ಹೊಡೆಯೋಣ ಅಂತ ಕೈ ಎತ್ತಿದೆ. ಆ ಜುಟ್ಟು ಹಿಡಿದು ಎಳೆದ ಕೈ ಕಂಡಿತು. ಕೈ ಇಳಿಸಿಬಿಟ್ಟೆ.

"ನಾನ್ ಈಜ್ತೀನಿ ಅಂತ ನಾಲ್ಕ್ ತಾಲೂಕು ನಂಬ್ಲಿ ಕಣ್ಲಾ" ಅಂದೆ. "ನೀನ್ ನಂಬ್ದೆ ಅಂತ ಮಾತ್ರ ಏಳ್ಬ್ಯಾಡ."

ಅವನು ಅತ್ತ. ನಾನು ನೋಡಲಿಲ್ಲ.

ಪಾಂಡವಪುರದಿಂದ ಎಸ್‌ಐ ಅರ್ಚನ ಮೇಡಂ ಬಂದರು. ಎರಡೇ ಪ್ರಶ್ನೆ ಕೇಳಿದರು, ಇಬ್ಬರನ್ನೂ ಪೊಲೀಸ್ ಜೀಪಿಗೆ ಹತ್ತಿಸಿದರು. ಹತ್ತುವಾಗ ಚಲುವ ತಿರುಗಿದ.

"ಸಿದ್ದ... ಮನೇಲಿ ನನ್ನೆಂಡ್ರು ದೀಪಂಗೆ ಒಂದ್ ಮಾತು ಏಳ್ಬುಡ್ಲಾ."

"ಏನಂತ?"

ಬಾಗಿಲು ಹಾಕಿಕೊಂಡಿತು.

ಆಮೇಲೆ ಏರಿ ಹತ್ತಿದೆವು. ಕಾರು ಇನ್ನೂ ಅಲ್ಲೇ ನೇತಾಡುತ್ತಿತ್ತು! ಅಷ್ಟು ದಬ್ಬಿದ್ದರೂ ಹೊಟ್ಟೆಯನ್ನು ಏರಿಗೆ ಒತ್ತಿ, ಹಿಂದಿನ ಚಕ್ರ ಮಣ್ಣಿಗೆ ಊರಿ, ಹಟ ಹಿಡಿದ ಎಮ್ಮೆಯ ಹಾಗೆ ಕೂತಿತ್ತು. ಸಣ್ಣಯ್ಯ ಹಗ್ಗ ಕಟ್ಟಿ ಟ್ರಾಕ್ಟರಿನಿಂದ ಎಳೆದ.

ಮೇಡಂ ಅದರ ಸುತ್ತ ಒಂದು ಸುತ್ತು ಬಂದರು. ಚಪ್ಪಟೆಯಾದ ಬಂಪರ್ ನೋಡಿದರು. ಬಾನೆಟ್ ಮೇಲೆ ಚೆಲ್ಲಿದ ಅಕ್ಷತೆ ನೋಡಿದರು.

"ನೀವೇನೋ ಗಾಡಿ ನೋಡಿ ಹೇಳೋದ್ರಲ್ಲಿ ಫೇಮಸ್ ಅಂತೆ. ಹೇಳಿ ನೋಡೋಣ. ಈ ಡಬ್ಬಾನ ಯಾರಾದ್ರೂ ತಗೋತಾರಾ?"

ಬಾನೆಟ್ ಮೇಲೆ ಕೈ ಇಟ್ಟೆ. ಇನ್ನೂ ಬಿಸಿ ಇತ್ತು.

"ಕೇಸ್ ಮುಗುದ್ಮೇಲೆ ಅರಾಜಿಗೆ ಬಂದ್ರೆ ನಂಗೊಂದ್ ಮಾತು ಏಳಿ ಮೇಡಂ" ಅಂದೆ. "ಇವತ್ತು ನನ್ನ ನೀರ್ಗೆ ಬುಡ್ದೆ ಇಡ್ಕಂಡಿದ್ದು ಇದೊಂದೇ!"