ಕರಿಬೇವಿನ ಕುಂಡದಲ್ಲಿದ್ದ ಹೂಮಾಲೆ

೨೦೧೭ರ ಜುಲೈ ೧೨, ಬುಧವಾರ ಬೆಳಿಗ್ಗೆ ಲಂಡನ್ನಿನ ಹ್ಯಾರೋ ಪೊಲೀಸ್ ಠಾಣೆಗೆ ಪಿನ್ನರ್‌ನಿಂದ ಒಂದು ದೂರು ಬಂತು. ದೂರುದಾರ ಹರ್ಷಿತ್, ವಯಸ್ಸು ಮೂವತ್ತೆರಡು, ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಉದ್ಯೋಗ. ಹಿಂದಿನ ದಿನ ಮಧ್ಯಾಹ್ನ ಮನೆಯ ಗ್ಯಾರೇಜಿನ ಬೀಗ ಒಡೆದು ಯಾರೋ ಅವನ ಹೊಸ ಮೌಂಟನ್ ಬೈಕನ್ನು ಹೊತ್ತೊಯ್ದಿದ್ದರು. ಶನಿವಾರ ಅವನು ಅದೇ ಸೈಕಲ್ಲಿನೊಂದಿಗೆ ಕೆನಡಾದ ವಿಸ್ಲರ್‌ಗೆ ಹೊರಡುವವನಿದ್ದ. ಅದು ಬೆಟ್ಟದ ಊರು. ಸೈಕಲ್ ಸಮೇತ ಲಿಫ್ಟಿನಲ್ಲಿ ಮೇಲೇರಿ, ಕಾಡಿನ ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೆಳಗಿಳಿಯಲು ಜನ ರಜೆ ಹಾಕಿ ಅಲ್ಲಿಗೆ ಹೋಗುತ್ತಾರೆ.

ಲಂಡನ್ನಿನಲ್ಲಿ ಸೈಕಲ್ ಕಳೆದುಕೊಂಡವನಿಗೆ ಕ್ರೈಮ್ ನಂಬರ್ ಸಿಗುತ್ತದೆ, ಸೈಕಲ್ ಸಿಗುವುದು ಅಪರೂಪ. ಆದರೆ ಹಗಲು ಹೊತ್ತು ಆ ಮನೆಯಲ್ಲಿರುವವರು ಹರ್ಷಿತನ ತಾಯಿ ಗುಲಾಬಿ ಒಬ್ಬರೇ, ಅವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಕೇಸು ಡಿಟೆಕ್ಟಿವ್ ಸಾರ್ಜೆಂಟ್ ಎಮಿಲ್ಡಾ ಅವರ ಮೇಜಿಗೆ ಬಂತು. ಎಮಿಲ್ಡಾ ಉಡುಪಿ ಕಡೆಯ ಶಿರ್ವದಲ್ಲಿ ಹುಟ್ಟಿ, ಹೈಸ್ಕೂಲಿನ ಹೊತ್ತಿಗೆ ಲಂಡನ್ನಿಗೆ ಬಂದವರು. ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ಮತ್ತು ನೆರೆಮನೆಯಲ್ಲಿ ಕಲಿತದ್ದು.

ಕಾನ್‌ಸ್ಟೇಬಲ್ ಗ್ರೀವ್ಸ್ ಜೊತೆ ಅವರು ಹನ್ನೊಂದು ಗಂಟೆಗೆ ಸ್ಥಳಕ್ಕೆ ಬಂದರು. ಊರಿನಲ್ಲಾದರೆ ಇಬ್ಬರು ಪಂಚರನ್ನು ಹಿಡಿದು ತಂದು ಪಂಚನಾಮೆ ಬರೆಯಬೇಕು. ಇಲ್ಲಿ ಗ್ರೀವ್ಸ್ ಫೋಟೊ ತೆಗೆದ, ಬಾಗಿಲಿನ ಮೇಲೆ ಪುಡಿ ಹಚ್ಚಿ ಬೆರಳಚ್ಚು ಹುಡುಕಿದ, ಕೈಗವಸಿನ ಗುರುತು ಮಾತ್ರ ಇದೆ ಎಂದ. ಗ್ಯಾರೇಜಿನಲ್ಲಿ ಹಳೆಯ ಸೈಕಲ್ ಹಾಗೇ ಇತ್ತು. ಉಪಕರಣಗಳ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಹೋದದ್ದು ಹೊಸ ಸೈಕಲ್, ಮತ್ತು ಅದನ್ನು ಬಿಚ್ಚಿ ವಿಮಾನಕ್ಕೆ ಹಾಕುವ ದೊಡ್ಡ ಪೆಟ್ಟಿಗೆ.

ಪೆಟ್ಟಿಗೆ ಏಕೆ ಹೋಯಿತೆಂದು ಎಮಿಲ್ಡಾ ಯೋಚಿಸಿದರು. ಕದ್ದ ಸೈಕಲ್ಲನ್ನು ಹತ್ತಿಕೊಂಡು ಹೋಗುತ್ತಾರೆ, ಇಲ್ಲವೇ ವ್ಯಾನಿಗೆ ಎಸೆಯುತ್ತಾರೆ. ಅದರ ಪೆಟ್ಟಿಗೆಯನ್ನೂ ಹೊರುವಷ್ಟು ಅಚ್ಚುಕಟ್ಟು ಕಳ್ಳರಿಗೆ ಇರುವುದಿಲ್ಲ.

ಭಾನುವಾರ ಗುಲಾಬಿ ಆ ಸೈಕಲ್ಲಿಗೆ ಪೂಜೆ ಮಾಡಿದ್ದರು. ಹ್ಯಾಂಡಲ್ಲಿಗೆ ಕುಂಕುಮ, ಸೇವಂತಿಗೆ ಮಾಲೆ, ಎರಡು ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು. ಹೊರಡುವ ದಿನ ಹಣ್ಣಿನ ಮೇಲೆ ಚಕ್ರ ಹಾಯಿಸುವುದೆಂದು ಹಾಗೇ ನಿಲ್ಲಿಸಿದ್ದರು. ಈಗ ನಿಂಬೆಹಣ್ಣುಗಳೆರಡೂ ಗೋಡೆಯ ಹಲಗೆಯ ಮೇಲೆ ಒಂದರ ಪಕ್ಕ ಒಂದು ಇದ್ದವು. ಒಂದೂ ಜಜ್ಜಿಹೋಗಿರಲಿಲ್ಲ.

ಮಾಲೆ ಕಾಣಲಿಲ್ಲ. ನೆಲದಲ್ಲಿಲ್ಲ, ಕಸದ ಡಬ್ಬಿಯಲ್ಲಿಲ್ಲ. ಗ್ಯಾರೇಜಿನ ಹೊರಗೆ, ಹಿತ್ತಲ ಬಾಗಿಲ ಬಳಿ ಒಂದು ಕರಿಬೇವಿನ ಕುಂಡವಿತ್ತು. ಮಾಲೆ ಅದರ ಬುಡದಲ್ಲಿ ಸುರುಳಿಯಾಗಿ ಕುಳಿತಿತ್ತು.

“ಅಮ್ಮ, ಇದು ನೀವು ಹಾಕಿದ್ದಾ?”

“ನಾ ಹಾಕಿದ್ದಲ್ಲ,” ಎಂದರು ಗುಲಾಬಿ. “ಆದ್ರೆ ಹಾಕೂದ್ ಅಲ್ಲಿಗೇ. ದೇವ್ರ್ ಹೂಗ್ ಕಾಲಿಗೆ ಸಿಕ್ಕೂಕಾಗ ಅಲ್ದಾ?”

ಎಮಿಲ್ಡಾಗೆ ಅಷ್ಟು ಸಾಕಾಯಿತು. ಶಿರ್ವದ ನೆರೆಮನೆಯಲ್ಲಿ ಬಾಡಿದ ಹೂವು ತೆಂಗಿನ ಬುಡಕ್ಕೆ ಹೋಗುವುದನ್ನು ಅವರು ದಿನಾ ನೋಡಿದ್ದರು. ಬೀಗ ಒಡೆಯುವಾಗ ಬಂದವನಿಗೆ ತಾನು ಕಳ್ಳನೆಂಬ ನೆನಪಿತ್ತು, ಕೈಗವಸು ಹಾಕಿದ್ದ. ಮಾಲೆ ತೆಗೆಯುವಾಗ ಆ ನೆನಪು ತಪ್ಪಿತ್ತು. ಕೈ ತನ್ನ ಪಾಡಿಗೆ ತಾನು ಕಲಿತದ್ದನ್ನು ಮಾಡಿತ್ತು.

ಮಂಗಳವಾರ ಮಧ್ಯಾಹ್ನ ಗುಲಾಬಿ ಭಜನೆಗೆ ಹೋಗುತ್ತಾರೆ, ಮನೆ ಖಾಲಿ. ಅದು ಗೊತ್ತಿದ್ದವರು ಯಾರೆಂದು ಎಮಿಲ್ಡಾ ಹರ್ಷಿತನನ್ನು ಕೇಳಿದರು. ಅವನು ಕೆನಡಾಕ್ಕೆ ಹೊರಟ ಐವರ ಹೆಸರು ಹೇಳಿದ. ನಾಲ್ವರು ಆಫೀಸಿನವರು, ಐದನೆಯವನು ತಾನು. ಮನೆಗೆ ಬಂದುಹೋಗುವ ಊರಿನವರು ಯಾರಾದರೂ ಇದ್ದಾರೆಯೇ ಎಂದರೆ, ಹಾಗೆ ಯಾರೂ ಇಲ್ಲ ಎಂದು ಫೋನ್ ನೋಡತೊಡಗಿದ.

ಗುಲಾಬಿ ಮಗನ ಮುಖ ನೋಡಿದರು.

“ಸಂದೇಶ ಇಲ್ಯಾ?” ಎಂದರು. “ಕೆನಡಾದ್ದೆಲ್ಲ ಕೂತ್ಕಂಡ್ ಮಾಡಿದ್ದ್ ಅವ ಅಲ್ದಾ?”

ಆ ಮೇಲೆ ವಿಷಯ ಒಂದೊಂದಾಗಿ ಬಂತು. ಸಂದೇಶ್ ಕುಂದಾಪುರದವನು, ಹರ್ಷಿತನ ಶಾಲೆಯ ಗೆಳೆಯ. ವೆಂಬ್ಲಿಯ ರೆಸ್ಟೋರೆಂಟ್ ಒಂದರಲ್ಲಿ ಮ್ಯಾನೇಜರ್, ಸ್ಟ್ಯಾನ್ಮೋರ್‌ನಲ್ಲಿ ಬಾಡಿಗೆ ಕೋಣೆ. ಇಬ್ಬರೂ ಭಾನುವಾರ ಬೆಳಿಗ್ಗೆ ಸರ್ರೆಯ ಗುಡ್ಡಗಳಲ್ಲಿ ಸೈಕಲ್ ಹೊಡೆದು, ಮಧ್ಯಾಹ್ನ ಗುಲಾಬಿಯ ಕೈಯ ಮೀನು ಸಾರು ಉಂಡು, ಸಂಜೆಯವರೆಗೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂರುತ್ತಿದ್ದರು. ಇದು ಮೂರು ವರ್ಷ ನಡೆಯಿತು. ಯಾವ ದಿನ ಯಾವ ಇಳಿಜಾರು, ಮಳೆ ಬಂದರೆ ಯಾವುದು ಬೇಡ, ಉಳಿಯಲು ಯಾವ ಮನೆ, ಎಲ್ಲ ಸಂದೇಶ್ ಹುಡುಕಿದ್ದು. ಈ ವರ್ಷ ಆಫೀಸಿನವರು ಸೇರಿಕೊಂಡರು. ಹರ್ಷಿತನದು ಬ್ರಿಟಿಷ್ ಪಾಸ್‌ಪೋರ್ಟ್, ವೀಸಾ ಬೇಡ. ಸಂದೇಶನದು ಭಾರತದ್ದು, ಕೆನಡಾದ ವೀಸಾ ತಡವಾಯಿತು. ಹರ್ಷಿತ್ ಅವನಿಗೊಂದು ಮಾತೂ ಹೇಳದೆ, ಆ ಮನೆಯಲ್ಲಿ ಅವನಿಗೆಂದಿದ್ದ ಐದನೇ ಹಾಸಿಗೆಯನ್ನು ತನ್ನ ಟೀಮ್ ಲೀಡರ್‌ಗೆ ಕೊಟ್ಟುಬಿಟ್ಟ.

ಭಾನುವಾರ ಪೂಜೆಯ ಹೊತ್ತಿಗೆ ಸಂದೇಶ್ ಬಂದ. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಯಲ್ಲೇ ಇತ್ತು. ಆಫೀಸಿನವರು ನಿಂಬೆಹಣ್ಣಿನ ಫೋಟೊ ತೆಗೆದುಕೊಂಡು ನಗುತ್ತಿದ್ದರು. ಅವರಲ್ಲೊಬ್ಬ ಹರ್ಷಿತನ ಬೆನ್ನು ತಟ್ಟಿ, ಎಂಥ ಸೊಗಸಾದ ಪ್ಲಾನ್ ಮಾಡಿದ್ದೀಯ ಎಂದ. ಹರ್ಷಿತ್ ಥ್ಯಾಂಕ್ಸ್ ಹೇಳಿದ. ತನ್ನ ಜಾಗ ಬೇರೆಯವರಿಗೆ ಹೋಗಿದೆಯೆಂದು ಅಲ್ಲೇ ತಿಳಿದ ಸಂದೇಶ್ ಪಾಸ್‌ಪೋರ್ಟನ್ನು ಜೇಬಿಗೆ ಹಾಕಿಕೊಂಡ.

“ಅವತ್ತ್ ಅವ ಉಣ್ದೇ ಹೋದ,” ಎಂದರು ಗುಲಾಬಿ, ತಮ್ಮನ್ನೇ ದೂರಿಕೊಳ್ಳುವಂತೆ. “ಹಸಿವಿಲ್ಲ ಅಮ್ಮ ಅಂದ. ನಂಗೆ ಆಗ್ಳೇ ಗೊತ್ತಾಯ್ಕಿತ್ತ್.”

ಗ್ರೀವ್ಸ್ ಎದುರುಮನೆಯ ಕ್ಯಾಮೆರಾದ ದೃಶ್ಯ ತೆರೆಸಿದ. ಮಂಗಳವಾರ ಮಧ್ಯಾಹ್ನ ಒಂದು ಬಿಳಿ ವ್ಯಾನ್ ಬಂದು ನಿಂತಿತ್ತು. ನಂಬರ್ ಓದುವಂತಿತ್ತು, ವೆಂಬ್ಲಿಯ ಆ ರೆಸ್ಟೋರೆಂಟಿನದೇ.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಸ್ಟ್ಯಾನ್ಮೋರ್‌ನ ಕೋಣೆಯ ಬಾಗಿಲು ತಟ್ಟಿದರು. ಸಂದೇಶ್ ತೆರೆದ, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಪೆಟ್ಟಿಗೆ ಮಂಚದ ಪಕ್ಕದಲ್ಲಿತ್ತು. ಗ್ರೀವ್ಸ್ ಮುಚ್ಚಳ ತೆಗೆದ. ಒಳಗೆ ಸೈಕಲ್ಲನ್ನು ವಿಮಾನಕ್ಕೆ ಕಟ್ಟುವ ಹಾಗೆಯೇ ಕಟ್ಟಿತ್ತು. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಟೈರಿನ ಗಾಳಿ ಇಳಿಸಿ, ಮುಂದಿನ ಚಕ್ರಕ್ಕೆ ಗೀರು ಬೀಳದಂತೆ ಹಳೆಯ ಮುಂಡು ಪಂಚೆ ಸುತ್ತಿತ್ತು.

ಎಮಿಲ್ಡಾ ಅವನ ಹಕ್ಕುಗಳನ್ನು ಓದಿ ಹೇಳಿ, ಕಳವಿನ ಆರೋಪದ ಮೇಲೆ ಬಂಧಿಸಿದರು. ಠಾಣೆಯಲ್ಲಿ ವಕೀಲರ ಎದುರು ವಿಚಾರಣೆ ಇಂಗ್ಲಿಷಿನಲ್ಲಿ ನಡೆಯಿತು, ಅವನು ಎಲ್ಲವನ್ನೂ ಒಪ್ಪಿಕೊಂಡ. ಮಾರಲು ಯತ್ನಿಸಿದ್ದೆಯಾ? ಇಲ್ಲ. ಕೆಡಿಸುವ ಉದ್ದೇಶವಿತ್ತೆ? ಇಲ್ಲ. ಕೆನಡಾಕ್ಕೆ ಟಿಕೆಟ್ ತೆಗೆದಿದ್ದೆಯಾ? ಇಲ್ಲ. ಮತ್ತೆ ಏಕೆ ಕಟ್ಟಿಟ್ಟೆ? ಅದಕ್ಕೆ ಉತ್ತರ ರೆಕಾರ್ಡರ್ ಆರಿಸಿದ ಮೇಲೆ, ಲಾಕಪ್ಪಿಗೆ ಹೋಗುವ ದಾರಿಯಲ್ಲಿ ಕನ್ನಡದಲ್ಲಿ ಬಂತು.

“ಒಂದ್ಸಲ ಹೊರಟ ಹಾಗೆ ಆಗ್ಬೇಕಿತ್ತು ಮೇಡಂ. ಅಷ್ಟೇ.”

ಸ್ವಲ್ಪ ದೂರ ನಡೆದು ಮತ್ತೆ ಹೇಳಿದ: “ಹಿಂದಿನ ಬ್ರೇಕ್ ಲೂಸ್ ಇತ್ತು. ಟೈಟ್ ಮಾಡಿದ್ದೇನೆ. ಹಾಗೇ ಇಳಿಸಿದ್ರೆ ಅವ ಉಳೀತಿರ್ಲಿಲ್ಲ. ಹರ್ಷಿತಂಗೆ ಹೇಳಿ.”

ಅವನು ಈ ದೇಶದಲ್ಲಿರುವುದು ಕೆಲಸದ ವೀಸಾದ ಮೇಲೆ. ಕಳವಿನ ಶಿಕ್ಷೆಯಾದರೆ ಅದು ಮುಂದುವರಿಯುವುದು ಕಷ್ಟ. ಕೆನಡಾದ ವೀಸಾ ಇನ್ನು ಬರೀ ಒಂದು ಚೀಟಿ. ಎಮಿಲ್ಡಾ ಹರ್ಷಿತನಿಗೆ ಫೋನ್ ಮಾಡಿ, ದೂರುದಾರನಿಗೆ ಕೇಸು ಬೇಡವೆಂದರೆ ಅದನ್ನೂ ಬರೆದು ಮೇಲಿನವರಿಗೆ ಕಳಿಸಬಹುದು ಎಂದು ತಿಳಿಸಿದರು. ಆಫೀಸಿನವರಿಗೆಲ್ಲ ಗೊತ್ತಾಗಿದೆ, ಈಗ ಹಿಂದೆ ಸರಿದರೆ ಚೆನ್ನಾಗಿರುವುದಿಲ್ಲ ಎಂದ ಹರ್ಷಿತ್.

ಶುಕ್ರವಾರ ಸಂಜೆ ಅವನು ಪೆಟ್ಟಿಗೆ ಒಯ್ಯಲು ಬಂದ. ಎಮಿಲ್ಡಾ ಬ್ರೇಕಿನ ವಿಷಯ ಹೇಳಿದರು.

“ಬ್ರೇಕ್ ಮುಟ್ಟಿದ್ದಾನಾ?” ಎಂದ ಹರ್ಷಿತ್. “ಅದನ್ನೂ ಕಂಪ್ಲೇಂಟಲ್ಲಿ ಸೇರಿಸಿ ಮೇಡಂ. ನನ್ನ ಜೀವಕ್ಕೆ ಏನಾದ್ರೂ ಆಗಿದ್ರೆ?”

ಎಮಿಲ್ಡಾ ಬರೆದರು. ಆರೋಪಿಯು ಸಡಿಲವಾಗಿದ್ದ ಹಿಂದಿನ ಬ್ರೇಕನ್ನು ಬಿಗಿಗೊಳಿಸಿ, ವಿಷಯವನ್ನು ದೂರುದಾರನಿಗೆ ತಿಳಿಸುವಂತೆ ಕೋರಿರುತ್ತಾನೆ. ಓದಿ ಸಹಿ ಹಾಕಿ ಎಂದು ಹಾಳೆಯನ್ನು ಮುಂದಿಟ್ಟರು.

ಹರ್ಷಿತನಿಗೆ ಅವಸರವಿತ್ತು. ಓದದೇ ಸಹಿ ಹಾಕಿ, ಸಂದೇಶ್ ಕಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ ಕಾರಿಗೆ ಹಾಕಿಕೊಂಡು ಹೊರಟ.